ನೀರು ಬದಲಿಸುವ ಹೊತ್ತು

ಆರೋಗ್ಯದ ಕುರಿತು ಉಪದೇಶ ಮಾಡುವವರಿಗೆ ನಮ್ಮ ಕಾಲದಲ್ಲಿ ಕೊರತೆಯಿಲ್ಲ. ಬೆಳಗ್ಗೆ ಎದ್ದು ಮೊಬೈಲು ತೆರೆದರೆ, ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರಿಹೊಟ್ಟೆಗೆ ಜೀರಿಗೆ ನೀರು ಕುಡಿಯಬೇಕೆಂದು ಒಬ್ಬರು, ಕುಡಿಯಲೇಬಾರದೆಂದು ಇನ್ನೊಬ್ಬರು ಬರೆದಿರುತ್ತಾರೆ. ಕುರ್ಚಿಯಲ್ಲಿ ಕುಳಿತು ದುಡಿಯುವವರು ಗಂಟೆಗೊಮ್ಮೆ ಏಳಬೇಕು, ಕಣ್ಣಿಗೆ ದೂರದ ಹಸಿರನ್ನು ತೋರಿಸಬೇಕು, ಬೆನ್ನು ಬಾಗಿಸಬೇಕು, ಸಂಜೆಯ ಮೇಲೆ ಕಚೇರಿಯ ಕೆಲಸವನ್ನು ಮುಟ್ಟಬಾರದು ಎಂಬ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಮ್ಮತ. ಮಾತು ಸರಿಯಾದದ್ದೇ. ಆದರೆ ಇವೆಲ್ಲವೂ ಮನೋಬಲದ ಮೇಲೆ ಭಾರ ಹಾಕುವ ಸಲಹೆಗಳು. ಆ ಬಲ ನಮ್ಮಂಥವರಲ್ಲಿ ಎಷ್ಟಿರುತ್ತದೆಂಬುದು ಜನವರಿ ಮೊದಲ ವಾರದ ಉತ್ಸಾಹವನ್ನೂ ಮೂರನೆಯ ವಾರದ ಮೌನವನ್ನೂ ಕಂಡವರಿಗೆ ಗೊತ್ತು. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಕಡೆಯ ಅಡಿಕೆ ತೋಟಗಳ ನಡುವೆ ಬದುಕುವ ನನಗೆ ಅನಿಸಿರುವುದಿಷ್ಟು: ಬಹುಕಾಲ ಉಳಿದುಬಂದ ಒಳ್ಳೆಯ ಅಭ್ಯಾಸಗಳಲ್ಲಿ ಹೆಚ್ಚಿನವು ಯಾರ ದೃಢಸಂಕಲ್ಪದಿಂದಲೂ ಉಳಿದವಲ್ಲ, ಹೊರಗಿನಿಂದ ಒಂದು ಕೆಲಸ ಬಿಡದೆ ಕರೆಯುತ್ತಿದ್ದುದರಿಂದ ಉಳಿದವು. ನನ್ನನ್ನು ಹಾಗೆ ಕರೆಯುವುದು ತೋಟದ ಗೇಟ್‌ವಾಲ್ವ್.

ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರಿನಲ್ಲಿ ನೀರು ಹಾಕುವ ಕ್ರಮವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಇಡೀ ತೋಟಕ್ಕೆ ಒಂದೇ ಸಲ ನೀರುಣಿಸುವ ಶಕ್ತಿ ಪಂಪಿಗೂ ಇಲ್ಲ, ಕೆರೆಗೂ ಇಲ್ಲ. ಆದ್ದರಿಂದ ತೋಟವನ್ನು ಕೆಲವು ಲೈನುಗಳಾಗಿ ವಿಂಗಡಿಸಿ, ಒಂದೊಂದಕ್ಕೆ ಒಂದೊಂದು ಗೇಟ್‌ವಾಲ್ವ್ ಇಟ್ಟು, ಒಂದು ಲೈನಿನ ಜೆಟ್‌ಗಳು ಗಂಟೆ, ಒಂದೂವರೆ ಗಂಟೆ ತಿರುಗಿದ ಮೇಲೆ ನೀರನ್ನು ಮುಂದಿನ ಲೈನಿಗೆ ಬದಲಿಸುತ್ತಾರೆ. ಬದಲಿಸುವುದಕ್ಕೂ ಒಂದು ನಿಯಮವುಂಟು. ಮೊದಲು ಹೊಸ ಲೈನನ್ನು ತೆರೆದು, ಅದರಲ್ಲಿ ನೀರು ಓಡತೊಡಗಿದ ಮೇಲೆಯೇ ಹಳೆಯದನ್ನು ಮುಚ್ಚಬೇಕು. ತಿರುಗಾಮುರುಗಾ ಆದರೆ ನೀರಿಗೆ ದಾರಿಯಿಲ್ಲದೆ ಒತ್ತಡ ಏರಿ, ತೋಟದ ಯಾವುದೋ ಮೂಲೆಯಲ್ಲಿ ಪೈಪಿನ ಜೋಡಣೆ ಕಳಚಿ ಹಾರುತ್ತದೆ. ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ಸಾಕಾಗುವ ಈ ಕೆಲಸ, ಏಪ್ರಿಲಿನ ಬಿಸಿಲಿಗೆ ಮೂರು ನಾಲ್ಕು ದಿನಕ್ಕೊಮ್ಮೆ ಸುತ್ತು ಮುಗಿಸಲೇಬೇಕೆಂಬ ಹಂತಕ್ಕೆ ಬರುತ್ತದೆ. ಅಂದರೆ ಒಂದು ಸುತ್ತು ಮುಗಿಯುವ ಹೊತ್ತಿಗೆ ಇನ್ನೊಂದು ಆರಂಭವಾಗಿರುತ್ತದೆ. ಅಜ್ಜನ ಕಾಲದಲ್ಲಿ ಕಣಿಗೆ, ಅಂದರೆ ತೋಟದ ಸಣ್ಣ ಕಾಲುವೆಗೆ, ನೀರು ಬಿಟ್ಟು, ಅಡಿಕೆ ಹಾಳೆಯಲ್ಲಿ ಬುಡಬುಡಕ್ಕೆ ಎರಚುತ್ತಿದ್ದರು. ಅದಕ್ಕೆ ಹೋಲಿಸಿದರೆ ನನ್ನದು ಕೆಲಸವೆಂದು ಹೇಳಿಕೊಳ್ಳುವಂಥದ್ದಲ್ಲ, ಎರಡು ಚಕ್ರ ತಿರುಗಿಸುವುದು ಮಾತ್ರ.

ಆದರೆ ಆ ಎರಡು ಚಕ್ರಗಳ ಬಳಿಗೆ ಹೋಗಬೇಕಲ್ಲ. ನಾನು ಬೆಂಗಳೂರಿನ ಒಂದು ಕಂಪೆನಿಯ ಲೆಕ್ಕಪತ್ರ ನೋಡಿಕೊಳ್ಳುವವನು. ಲ್ಯಾಪ್‌ಟಾಪಿನೆದುರು ಕುಳಿತರೆ ಜಿಎಸ್‌ಟಿಯ ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುತ್ತ ಮಧ್ಯಾಹ್ನವಾದದ್ದೂ ತಿಳಿಯುವುದಿಲ್ಲ. ನೀರು ಹಾಕುವ ದಿನಗಳಲ್ಲಿ ಹಾಗಾಗಲು ಅಮ್ಮ ಬಿಡುವುದಿಲ್ಲ. ಅಡುಗೆಮನೆಯಿಂದಲೇ, "ಎಂತ ಮಾಡ್ತಿದ್ದಿ ಮಗಾ, ನೀರು ಬದಲಿಸ್ಲಿಕ್ಕೆ ಆಯ್ತಲ್ಲ?" ಎಂದು ಕೂಗುತ್ತಾರೆ. ಮೊಬೈಲಿನ ಎಚ್ಚರಿಕೆಯನ್ನು ಬೆರಳಿನಿಂದ ಸರಿಸಿಬಿಡಬಹುದು. ಅಮ್ಮನ ದನಿಯನ್ನಾಗಲಿ, ಒಂದೇ ಲೈನಿಗೆ ಸುಮ್ಮನೆ ಹರಿದುಹೋಗುತ್ತಿರುವ ಕೆರೆಯ ನೀರಿನ ಯೋಚನೆಯನ್ನಾಗಲಿ ಸರಿಸಲಾಗುವುದಿಲ್ಲ. ಎದ್ದು, ಅಂಗಳ ದಾಟಿ, ಮುರಕಲ್ಲಿನ ಮೆಟ್ಟಿಲಿಳಿದು, ಸಂಕ ದಾಟಿ ತೋಟಕ್ಕೆ ಹೋಗಲೇಬೇಕು. ಹೋದ ಮೇಲೆ ಬರಿಯ ವಾಲ್ವ್ ತಿರುಗಿಸಿ ಬರುವುದಕ್ಕಾಗುತ್ತದೆಯೆ? ಯಾವುದೋ ಒಂದು ಜೆಟ್ ತಿರುಗದೆ ಒಂದೇ ಮರಕ್ಕೆ ನೀರು ಚಿಮ್ಮುತ್ತಿರುತ್ತದೆ. ಕುಕ್ಕರಗಾಲಲ್ಲಿ ಕುಳಿತು, ಹಿಡಿಸೂಡಿಯ ಕಡ್ಡಿಯಿಂದ ತೂತಿನೊಳಗಿನ ಮರಳು ತೆಗೆಯಬೇಕು. ಬಿದ್ದ ಹಾಳೆಯನ್ನು ಬಾಗಿ ಹೆಕ್ಕಬೇಕು. ಮೂವತ್ತು ನಲವತ್ತು ಅಡಿ ಮೇಲಿರುವ ಗೊನೆಗಳನ್ನು ಕತ್ತೆತ್ತಿ ನೋಡಬೇಕು, ನಳ್ಳಿ ಎಂಬ ಎಳೆಯ ಕಾಯಿ ಉದುರಿದ್ದರೆ ಕಾರಣ ಯೋಚಿಸಬೇಕು. ಪರದೆ ನೋಡುವವರು ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂದು ಕಣ್ಣಿನ ವೈದ್ಯರು ಹೇಳುತ್ತಾರೆ. ಸಂಖ್ಯೆಯಲ್ಲಿ ನನ್ನ ಲೆಕ್ಕ ಅದಕ್ಕೆ ಸರಿಹೊಂದದಿದ್ದರೂ, ಎತ್ತರದಲ್ಲಿ ಅಡಿಕೆ ಮರ ವೈದ್ಯರು ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರತಂದ ಮಾರ್ಗಸೂಚಿಯ ಪ್ರಕಾರ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಶ್ರಮ ಮಾಡಬೇಕು. ಇದು ಅಧ್ಯಯನಗಳನ್ನು ಆಧರಿಸಿದ ಮಾತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಜನಪ್ರಿಯ ಲೆಕ್ಕಕ್ಕೆ ಅಷ್ಟು ಕುಲೀನ ಮೂಲವಿಲ್ಲ. 1964ರ ಟೋಕಿಯೊ ಒಲಿಂಪಿಕ್ಸಿನ ಮರುವರ್ಷ ಜಪಾನಿನ ಒಂದು ಕಂಪೆನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆಮಾಪಕವನ್ನು ಮಾರಾಟಕ್ಕೆ ತಂದಾಗ ಅದಕ್ಕೆ ಕೊಟ್ಟ ಹೆಸರಿನಲ್ಲಿ ಈ ಸಂಖ್ಯೆ ಇತ್ತು; ಅಲ್ಲಿಂದ ಅದು ನಮ್ಮ ಕೈಗಡಿಯಾರಗಳವರೆಗೆ ನಡೆದುಬಂದಿದೆ. ನಮ್ಮ ವೈದ್ಯಪರಂಪರೆಯ ಲೆಕ್ಕ ಇನ್ನೊಂದು ಬಗೆಯದು. ಕೇರಳದ ಆಯುರ್ವೇದದಲ್ಲಿ ಬಹಳ ಮನ್ನಣೆಯಿರುವ ಅಷ್ಟಾಂಗಹೃದಯದ ಎರಡನೆಯ ಅಧ್ಯಾಯಕ್ಕೆ ದಿನಚರ್ಯೆಯೆಂದೇ ಹೆಸರು. ಬಲವಂತನಾದವನು ಚಳಿಗಾಲದಲ್ಲಿಯೂ ವಸಂತದಲ್ಲಿಯೂ ತನ್ನ ಶಕ್ತಿಯ ಅರ್ಧದಷ್ಟು ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಅದಕ್ಕಿಂತಲೂ ಕಡಿಮೆ ಎಂದು ಅದರಲ್ಲಿದೆ. ಅರ್ಧ ಶಕ್ತಿ ಎಂಬ ಈ ಅಳತೆ ನನಗೆ ತುಂಬ ಹಿಡಿಸಿದೆ. ಸೋಮಾರಿಯೂ ಇದನ್ನು ತಕರಾರಿಲ್ಲದೆ ಒಪ್ಪುತ್ತಾನೆ.

ಮನೆಯೇ ಕಚೇರಿಯಾದದ್ದು ನನ್ನಂಥ ಬಹಳಷ್ಟು ಮಂದಿಗೆ 2020ರಿಂದ ಈಚೆಗೆ. ಅದಕ್ಕಿಂತ ಮೊದಲು ಮಂಗಳೂರಿನ ಒಂದು ಕಚೇರಿಗೆ ನಾನೂ ರೈಲಿನಲ್ಲಿ ಹೋಗಿಬರುತ್ತಿದ್ದೆ. ಕುಂಬಳೆ, ಮಂಜೇಶ್ವರಗಳಲ್ಲಿ ಹತ್ತುವ ಅಧ್ಯಾಪಕರು, ಬ್ಯಾಂಕಿನವರು, ಆಸ್ಪತ್ರೆಯ ದಾದಿಯರು, ಕಾಲೇಜಿನ ಮಕ್ಕಳು ಎಲ್ಲರೂ ಒಂದೇ ಬೋಗಿಯಲ್ಲಿ ಕನ್ನಡ, ತುಳು, ಮಲಯಾಳಗಳನ್ನು ಬೆರೆಸಿಕೊಂಡು ಹೋಗುತ್ತಿದ್ದೆವು. ಆ ರೈಲಿನ ಕುರಿತು ನಾವು ಬೈಯದ ದಿನವಿರಲಿಲ್ಲ. ಆದರೆ ಅದು ಮಾಡುತ್ತಿದ್ದ ಉಪಕಾರ, ಅದು ತಪ್ಪಿಹೋದ ಮೇಲೆಯೇ ತಿಳಿದದ್ದು. ಸಂಜೆಯ ರೈಲು ಯಾವ ಮೇಲಧಿಕಾರಿಗೂ ಕಾಯುವುದಿಲ್ಲ. "ನನ್ನ ರೈಲು ಉಂಟು ಸಾರ್" ಎಂದರೆ ಮುಗಿಯಿತು, ಎಷ್ಟು ಮುಖ್ಯವಾದ ಕಡತವಾದರೂ ಮರುದಿನಕ್ಕೆ ಉಳಿಯುತ್ತಿತ್ತು. ಕೆಲಸಕ್ಕೂ ಬಾಳಿಗೂ ನಡುವೆ ಸಮತೋಲ ಬೇಕೆಂದು ಈಗ ದೊಡ್ಡ ದೊಡ್ಡ ಕಂಪೆನಿಗಳೇ ಶಿಬಿರ ನಡೆಸುತ್ತವೆ. ಆಗ ಅದನ್ನು ಒಂದು ವೇಳಾಪಟ್ಟಿ ನಡೆಸುತ್ತಿತ್ತು. ಈಗ ರಾತ್ರಿ ಒಂಬತ್ತಕ್ಕೆ ಪುಣೆಯಿಂದ ಕರೆ ಬಂದರೆ, ಹೊರಡಬೇಕೆಂದು ಹೇಳಲು ನನಗೆ ಎಲ್ಲಿಗೂ ಹೊರಡುವುದಕ್ಕಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ. 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಒಟ್ಟಾಗಿ ಪ್ರಕಟಿಸಿದವು. ಅದನ್ನು ಓದಿದ್ದು ರಾತ್ರಿ ಹನ್ನೊಂದಕ್ಕೆ, ಕಚೇರಿಯ ಕೆಲಸದ ನಡುವೆ.

ಬದಿಯಡ್ಕದ ಸಮೀಪ ಬದುಕಿ ನೂರು ತುಂಬಿದ ಮೇಲೆ ತೀರಿಕೊಂಡ ಕಯ್ಯಾರ ಕಿಞ್ಞಣ್ಣ ರೈಗಳು (1915–2015) ಅಧ್ಯಾಪಕರೂ ಕೃಷಿಕರೂ ಕವಿಗಳೂ ಆಗಿದ್ದರು. ಅವರ ದೀರ್ಘಾಯುಸ್ಸಿಗೆ ಇದೇ ಕಾರಣವೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಮೂರು ಬಗೆಯ ಕೆಲಸವಿದ್ದವನಿಗೆ ಒಂದರಿಂದ ಇನ್ನೊಂದಕ್ಕೆ ಎದ್ದುಹೋಗಲು ಸದಾ ಒಂದು ನೆವವಿರುತ್ತದೆ; ಒಂದೇ ಕೆಲಸವಿದ್ದವನು ವಿಶ್ರಾಂತಿಗೆಂದು ಎದ್ದರೂ ಅದೇ ಕೆಲಸದ ಬಳಿಗೆ ಮರಳಬೇಕಾಗುತ್ತದೆ.

ಊಟದ ಹೊತ್ತನ್ನು ಕಾಪಾಡುವವರೂ ನಮ್ಮಲ್ಲಿ ಬೇರೆ. ತೋಟದಲ್ಲಿ ಕೆಲಸದವರಿರುವ ದಿನ ಹತ್ತು ಗಂಟೆಗೆ ಚಾ, ಒಂದು ಗಂಟೆಯೊಳಗೆ ಊಟ, ನಾಲ್ಕಕ್ಕೆ ಪುನಃ ಚಾ. ಅವರ ಹೊತ್ತು ತಪ್ಪಿಸುವುದು ಮರ್ಯಾದೆಯ ಪ್ರಶ್ನೆಯಾದ್ದರಿಂದ ಮನೆಯವರ ಊಟವೂ ಅದೇ ಹೊತ್ತಿಗೆ ಆಗಿಬಿಡುತ್ತದೆ. ಕೆಲಸದವರಿಲ್ಲದ ದಿನ ನನ್ನ ಊಟ ಎರಡೂವರೆಗೆ ಜಾರಿ, ಅದರ ಬೆನ್ನಿಗೆ ನಿದ್ದೆಯೂ ಜಾರುತ್ತದೆ. ಹಳೆಯ ದಿನಚರಿಯನ್ನು ಹೊಗಳುವಾಗ ಒಂದೆರಡು ಸಂಗತಿಗಳನ್ನು ಮರೆಮಾಚಬಾರದು. ಕುಚ್ಚಿಲಕ್ಕಿ ಗಂಜಿ ಒಳ್ಳೆಯದೇ. ಅದರ ಜೊತೆಗೆ ಬರುವ ಉಪ್ಪುನೀರಿನ ಮಾವಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆಯ ಪಲ್ಯ, ಸುಟ್ಟ ಹಪ್ಪಳ ಇವನ್ನೆಲ್ಲ ಕೂಡಿಸಿದರೆ ದಿನಕ್ಕೆ ಐದು ಗ್ರಾಂ ಉಪ್ಪಿನ ಮಿತಿ ಮಧ್ಯಾಹ್ನದೊಳಗೇ ಮುಗಿಯುತ್ತದೆ. ಊಟದ ಬಳಿಕ ಚಾವಡಿಯಲ್ಲಿ ಕಾಲುಚಾಚಿ, ಹರಿವಾಣವನ್ನು ಹತ್ತಿರಕ್ಕೆಳೆದು, ನಿಧಾನವಾಗಿ ಎಲೆಗೆ ಸುಣ್ಣ ಹಚ್ಚುವ ಹಿರಿಯರ ಅರ್ಧ ಗಂಟೆಗಿಂತ ದೊಡ್ಡ ವಿರಾಮ ಇನ್ನೊಂದಿರಲಾರದು. ಆದರೆ ಆ ಹರಿವಾಣದಲ್ಲಿದ್ದ ಅಡಿಕೆಯನ್ನು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ವರದಿ ಪ್ರಕಟವಾದದ್ದು 2004ರಲ್ಲಿ. ಅಡಿಕೆ ಬೆಳೆದು ಮಕ್ಕಳನ್ನು ಓದಿಸಿದ ನಾಡಿನಲ್ಲಿ ಈ ವಾಕ್ಯವನ್ನು ಜೋರಾಗಿ ಓದುವವರು ಕಡಿಮೆ. ನಾನು ಅರ್ಧ ಗಂಟೆಯನ್ನು ಇಟ್ಟುಕೊಂಡು ಹರಿವಾಣವನ್ನು ಬಿಟ್ಟಿದ್ದೇನೆ. ಗ್ರೀಷ್ಮದಲ್ಲಿ ಹಗಲು ನಿದ್ದೆಗೆ ಆಯುರ್ವೇದವೂ ಅನುಮತಿ ಕೊಟ್ಟಿರುವುದು ದೊಡ್ಡ ಸಮಾಧಾನ.

ಈ ಏರ್ಪಾಡಿನ ದೊಡ್ಡ ಕೊರತೆಯೆಂದರೆ ಮಳೆಗಾಲ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಗೇಟ್‌ವಾಲ್ವುಗಳಿಗೆ ರಜೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ತೋಟಕ್ಕೆ ನೀರು ಹಾಕುವ ಪ್ರಶ್ನೆಯೇ ಇಲ್ಲ. ಕೊಳೆರೋಗ ಬಾರದಂತೆ ಬೋರ್ಡೋ ದ್ರಾವಣ ಬಿಡಿಸುವುದು ಮರವೇರಬಲ್ಲ ನುರಿತವರ ಕೆಲಸ. ಮೈಲುತುತ್ತು ಕರಗಿಸಿ ಸುಣ್ಣ ಕಲಸಿ ಕೊಡುವುದಷ್ಟೇ ನನ್ನ ಪಾಲು. ಜಿಗಣೆಗಳ ಭಯಕ್ಕೆ ತೋಟದ ಕಡೆ ಹೋಗುವುದೂ ಕಡಿಮೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಯಂದು ನಸುಕಿನಲ್ಲೇ ಹಾಲೆಮರದ ಕೆತ್ತೆಯ ಕಹಿ ಕಷಾಯ ಕುಡಿದು, ಮೇಲೆ ಮೆಂತೆ ಗಂಜಿ ಉಂಡರೆ ವರ್ಷದ ಆರೋಗ್ಯಕ್ಕೆ ಸಾಕೆಂದು ನಂಬಿದವರುಂಟು. ಕಷಾಯದ ಮೇಲೆ ನನಗೆ ಗೌರವವಿದೆ, ಆದರೆ ಅದು ಒಂದು ದಿನದ್ದು, ಕುಳಿತುಕೊಳ್ಳುವುದು ನೂರು ದಿನದ್ದು. ಸೊಂಟದ ಸುತ್ತಳತೆ ಆಟಿಯಲ್ಲಿಯೇ ಏರುವುದು.

ಆದ್ದರಿಂದ ಮಳೆಗಾಲಕ್ಕೆ ಇನ್ನೊಂದು ಕರೆಯನ್ನು ಹುಡುಕಿಕೊಳ್ಳಬೇಕಾಯಿತು. ಪ್ಯಾಕೆಟ್ ಹಾಲನ್ನು ನಿಲ್ಲಿಸಿ, ಗುಡ್ಡದಾಚೆಯ ಹಾಲಿನ ಸೊಸೈಟಿಯಿಂದ ತರುವುದೆಂದು ಮನೆಯಲ್ಲಿ ತೀರ್ಮಾನಿಸಿದೆವು. ಸೊಸೈಟಿ ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ ತೆರೆದಿರುತ್ತದೆ. ತಡವಾದರೆ ಹಾಲಿನ ವ್ಯಾನು ಹೋಗಿರುತ್ತದೆ, ಮನೆಯಲ್ಲಿ ಆ ದಿನದ ಚಾ ಕಪ್ಪಾಗಿರುತ್ತದೆ. ಕೊಡೆ ಹಿಡಿದು, ಒಂದು ಕೈಯಲ್ಲಿ ತೂಕುಪಾತ್ರೆ ಹಿಡಿದು ಗುಡ್ಡ ಹತ್ತುವವನಿಗೆ ಮೊಬೈಲು ನೋಡಲು ಮೂರನೆಯ ಕೈ ಇರುವುದಿಲ್ಲವೆಂಬುದು ಮೊದಲು ಎಣಿಸದೆ ಸಿಕ್ಕಿದ ಲಾಭ. ಅಲ್ಲಿ ಹಾಲು ಅಳೆಯಿಸಲು ಬಂದವರ ನಡುವೆ ನಿಂತರೆ ಊರಿನ ಸುದ್ದಿಯೂ ಸಿಗುತ್ತದೆ, ಅಡಿಕೆಯ ಧಾರಣೆಯೂ ಸಿಗುತ್ತದೆ. ಇವೂ ಆರೋಗ್ಯದ ಲೆಕ್ಕಕ್ಕೆ ಸೇರಬೇಕೆಂದು ನನ್ನ ವಾದ, ಧಾರಣೆ ಇಳಿದ ದಿನಗಳನ್ನು ಬಿಟ್ಟು.

ಈಗ ಬಂದಿರುವ ತೊಡಕು ಬೇರೆಯದು. ನೀರ್ಚಾಲಿನ ಕಡೆಯ ನನ್ನ ಭಾವ ತನ್ನ ತೋಟದ ವಾಲ್ವುಗಳಿಗೆಲ್ಲ ಯಂತ್ರ ಕೂರಿಸಿದ್ದಾನೆ. ಮೊಬೈಲಿನಲ್ಲಿ ಸಮಯ ಹಾಕಿಟ್ಟರೆ ಒಂದು ಲೈನು ತಾನಾಗಿ ತೆರೆದು ಇನ್ನೊಂದು ತಾನಾಗಿ ಮುಚ್ಚುತ್ತದೆ. ಮೊನ್ನೆ ಮನೆಗೆ ಬಂದವನು ಪುನರ್ಪುಳಿ ಶರಬತ್ತು ಕುಡಿಯುತ್ತ, "ಎಂತ ಭಾವ, ನೀನು ಇನ್ನೂ ತೋಟಕ್ಕೆ ಓಡುವುದಾ? ನನಗೀಗ ಕುಳಿತಲ್ಲೇ ಆಗ್ತದೆ" ಎಂದ. ಮಾತು ಮುಗಿಯುವ ಮೊದಲೇ ಅವನ ಕೈಗಡಿಯಾರ ನಡುಗಿತು. ಬಹಳ ಹೊತ್ತು ಕುಳಿತಾಯಿತು, ಎದ್ದು ನಡೆಯಿರಿ ಎಂದು ಅದು ಸೂಚನೆ ಕೊಡುತ್ತದಂತೆ. ವಾಲ್ವಿನ ಯಂತ್ರದಿಂದ ಉಳಿದ ಹೊತ್ತಿನಲ್ಲಿ ಅವನು ಸಂಜೆ ಡಾಮರು ರಸ್ತೆಯಲ್ಲಿ ಬೂಟು ಹಾಕಿ ನಡೆಯುತ್ತಾನೆ, ಬೂಟಿಗೂ ಗಡಿಯಾರಕ್ಕೂ ಸಾಕಷ್ಟು ಖರ್ಚಾಗಿದೆ.

ಅವನನ್ನು ನಕ್ಕು ಸುಮ್ಮನಾಗುವಂತೆಯೂ ಇಲ್ಲ. ಬೇಸಗೆಯಲ್ಲಿ ಹಗಲು ಕರೆಂಟಿನ ವೋಲ್ಟೇಜು ಸಾಲದೆ ರಾತ್ರಿ ಪಂಪು ಹಾಕಬೇಕಾಗುತ್ತದೆ. ಹನ್ನೆರಡಕ್ಕೊಮ್ಮೆ, ಒಂದೂವರೆಗೊಮ್ಮೆ, ಮೂರಕ್ಕೊಮ್ಮೆ ಟಾರ್ಚು ಹಿಡಿದು ಹಾವು ಹುಳಗಳ ನಡುವೆ ತೋಟಕ್ಕಿಳಿಯುವವನ ನಿದ್ದೆ ಹಾಳಾಗುತ್ತದೆ; ಹಗಲಿನ ನಡಿಗೆ ಕೊಟ್ಟದ್ದನ್ನು ರಾತ್ರಿಯ ನಡಿಗೆ ಬಡ್ಡಿ ಸಹಿತ ವಸೂಲು ಮಾಡುತ್ತದೆ. ಎಪ್ಪತ್ತು ದಾಟಿದ ಅಪ್ಪ ಈಗಲೂ ನನಗಿಂತ ಮೊದಲೇ ಎಚ್ಚೆತ್ತು ಹೊರಟಿರುತ್ತಾರೆ, ಅದು ಇನ್ನೊಂದು ಆತಂಕ. ಹೀಗಾಗಿ ರಾತ್ರಿಯ ಲೈನುಗಳನ್ನು ಯಂತ್ರಕ್ಕೆ ಒಪ್ಪಿಸಿ, ಹಗಲಿನವನ್ನು ಕೈಯಲ್ಲೇ ಉಳಿಸಿಕೊಳ್ಳುವುದೆಂದು ನಾವು ನಿರ್ಧರಿಸಿ ಪೇಟೆಗೆ ಹೋದೆವು. ಅಂಗಡಿಯವರು ನಮ್ಮ ಬೇಡಿಕೆಯನ್ನು ಎರಡು ಸಲ ಕೇಳಿಸಿಕೊಂಡರು. ಯಂತ್ರ ತೆಗೆದುಕೊಳ್ಳುವವರು ಯಾರೂ ಅರ್ಧ ತೋಟಕ್ಕೆ ತೆಗೆದುಕೊಳ್ಳುವುದಿಲ್ಲವೆಂದೂ, ಎಂಟು ವಾಲ್ವುಗಳ ಸೆಟ್ಟು ಒಟ್ಟಿಗೇ ಬರುತ್ತದೆಂದೂ, ಬಿಡಿಯಾಗಿ ಬೇಕಾದರೆ ಕೊಯಮತ್ತೂರಿನಿಂದ ತರಿಸಬೇಕೆಂದೂ ತಿಳಿಸಿದರು. ಬಿಡಿಯದಕ್ಕೇ ಮುಂಗಡ ಕೊಟ್ಟು ಬಂದಿದ್ದೇವೆ. ಬರುವವರೆಗೆ ರಾತ್ರಿಯ ಪಾಳಿ ನನ್ನದು, ಅಪ್ಪನ ಟಾರ್ಚನ್ನು ನನ್ನ ಕೋಣೆಯಲ್ಲಿ ಇಟ್ಟುಕೊಂಡಿದ್ದೇನೆ.