ಹರಾಜಿನ ಲೆಕ್ಕ ಬೇಸ್‌ಬಾಲ್‌ಗೆ ಹೊಂದದು

ಅಮೆರಿಕದಲ್ಲಿರುವ ನಮ್ಮವರು ಬೇಸ್‌ಬಾಲ್ ತಂಡಗಳ ಖರ್ಚಿನ ಬಗ್ಗೆ ಮಾತಾಡುವಾಗ ತಲೆಯಲ್ಲಿ ಐಪಿಎಲ್ ಹರಾಜೇ ಓಡುತ್ತಿರುತ್ತದೆ. ಹುವಾನ್ ಸೋಟೊಗೆ ಮೆಟ್ಸ್ ತಂಡ 76.5 ಕೋಟಿ ಡಾಲರ್ ಕೊಟ್ಟಿತು ಅಂದ ಕೂಡಲೇ ಬರುವ ಪ್ರಶ್ನೆ: ‘ಒಬ್ಬನಿಗೇ ಅಷ್ಟಾ? ಪರ್ಸ್‌ನಲ್ಲಿ ಇನ್ನೇನು ಉಳೀತು?’ ಪ್ರಶ್ನೆ ಸಹಜವೇ. ಆದರೆ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಪರ್ಸ್ ಇಲ್ಲ, ಹರಾಜೂ ಇಲ್ಲ. ಸೋಟೊನ ಕರಾರಿನಲ್ಲಿ ನೋಡಬೇಕಾದ ಅಂಕಿ 76.5 ಅಲ್ಲ, 15. ಅಷ್ಟು ವರ್ಷ ಅವನ ಸಂಬಳದ ಹೊಣೆ ತಂಡದ ಮೇಲೆ. ಇಲ್ಲಿ ತಂಡಗಳು ಬೆಲೆಯಿಂದ ಮುಳುಗುವುದಕ್ಕಿಂತ ವರ್ಷಗಳಿಂದ ಮುಳುಗುವುದೇ ಹೆಚ್ಚು ಅನ್ನುವುದು ನನ್ನ ಅನಿಸಿಕೆ.

ವೆಂಕಟೇಶ್ ಅಯ್ಯರ್ ಉದಾಹರಣೆ ತೆಗೆದುಕೊಳ್ಳಿ. 2024ರ ನವೆಂಬರ್‌ನಲ್ಲಿ ಜೆಡ್ಡಾದ ಹರಾಜಿನಲ್ಲಿ ಕೋಲ್ಕತ್ತ ಅವರನ್ನು 23.75 ಕೋಟಿ ರೂಪಾಯಿಗೆ ಕೊಂಡಿತು. ಒಂದು ಸೀಸನ್ ಸರಿಹೋಗಲಿಲ್ಲ, ಬಿಟ್ಟುಬಿಟ್ಟಿತು. ಮರುವರ್ಷದ ಹರಾಜಿನಲ್ಲಿ ನಮ್ಮ ಆರ್‌ಸಿಬಿ ಅವರನ್ನೇ 7 ಕೋಟಿಗೆ ತಂದಿತು. ಕೋಲ್ಕತ್ತದ ತಪ್ಪು ಒಂದೇ ವರ್ಷಕ್ಕೆ ಮುಗಿಯಿತು, ಪರ್ಸ್‌ಗೆ ದುಡ್ಡು ವಾಪಸ್ ಬಂತು.

ಬೇಸ್‌ಬಾಲ್‌ನಲ್ಲಿ ಹೀಗಾಗುವುದಿಲ್ಲ. ಸಹಿ ಬಿದ್ದ ಕರಾರಿನ ಪ್ರತಿ ಡಾಲರ್ ಕೊಡಲೇಬೇಕು, ಆಟಗಾರ ಆಡಲಿ, ಗಾಯವಾಗಿ ಮಲಗಲಿ. ಆಲ್ಬರ್ಟ್ ಪೂಹೋಲ್ಸ್‌ಗೆ ಏಂಜಲ್ಸ್ ತಂಡ 2012ರಿಂದ 2021ರವರೆಗೆ 10 ವರ್ಷಕ್ಕೆ 24 ಕೋಟಿ ಡಾಲರ್ ಬರೆದುಕೊಟ್ಟಿತು. ಕರಾರು ಶುರುವಾದಾಗಲೇ ಅವರಿಗೆ 32. ಕೊನೆಯ ವರ್ಷದ ಮೇ ತಿಂಗಳಲ್ಲಿ ತಂಡ ಅವರನ್ನು ಕೈಬಿಟ್ಟಿತು. ಡಾಡ್ಜರ್ಸ್ ಬರಿ ಕನಿಷ್ಠ ಸಂಬಳಕ್ಕೆ ಕರೆದುಕೊಂಡರು. ಉಳಿದದ್ದನ್ನು ಕಟ್ಟಿದ್ದು ಏಂಜಲ್ಸ್, ಅದೂ ಪಕ್ಕದ ಊರಿನ ಎದುರಾಳಿಗೆ ಆಡುತ್ತಿದ್ದವರಿಗೆ. ಇನ್ನು ಪಿಚರ್‌ಗಳ, ಅಂದರೆ ಚೆಂಡೆಸೆಯುವವರ, ವಿಷಯ ಬೇರೆಯೇ. ಸ್ಟೀಫನ್ ಸ್ಟ್ರಾಸ್‌ಬರ್ಗ್ 2019ರಲ್ಲಿ ವಾಷಿಂಗ್ಟನ್‌ಗೆ ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆಲ್ಲಿಸಿ 7 ವರ್ಷಕ್ಕೆ 24.5 ಕೋಟಿ ಡಾಲರ್ ಪಡೆದರು. ಆಮೇಲೆ ಅವರಿಗೆ ಎಸೆಯಲಾದದ್ದು ಎಂಟೇ ಪಂದ್ಯ.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಇಲ್ಲಿನ ಪಂಡಿತರು ‘ವಾರ್’ ಅನ್ನುವ ಅಳತೆ ಬಳಸುತ್ತಾರೆ: ಕನಿಷ್ಠ ಸಂಬಳಕ್ಕೆ ಯಾವಾಗ ಬೇಕಾದರೂ ಸಿಗುವ ಸಾಧಾರಣ ಆಟಗಾರನಿಗಿಂತ ಇವನು ವರ್ಷಕ್ಕೆ ಎಷ್ಟು ಗೆಲುವು ಹೆಚ್ಚಿಗೆ ತರುತ್ತಾನೆ ಅಂತ. ಬರಿ ಅಂಥ ಸಾಧಾರಣರೇ ತುಂಬಿದ ತಂಡವೂ 162 ಪಂದ್ಯದಲ್ಲಿ ಸುಮಾರು 48 ಗೆಲ್ಲುತ್ತದೆ. 90 ಗೆಲ್ಲಬೇಕಾದರೆ ಇನ್ನು 42 ಗೆಲುವನ್ನು ಆಟಗಾರರಿಂದ ಕೂಡಿಸಬೇಕು. ಬಯಲು ಮಾರುಕಟ್ಟೆಯಲ್ಲಿ, ಅಂದರೆ ಯಾವ ತಂಡಕ್ಕೆ ಬೇಕಾದರೂ ಸಹಿ ಹಾಕಬಲ್ಲ ಫ್ರೀ ಏಜೆಂಟ್‌ಗಳಲ್ಲಿ, ಒಂದು ಗೆಲುವಿಗೆ ಅಂದಾಜು 80 ಲಕ್ಷ ಡಾಲರ್ ಬೀಳುತ್ತದೆ. 42ನ್ನೂ ಅಲ್ಲೇ ಕೊಂಡರೆ 33.6 ಕೋಟಿ ಡಾಲರ್. ಹೆಚ್ಚಿನ ತಂಡಗಳ ಕೈಗೆ ಎಟುಕದ ಮಾತು.

ಮಧ್ಯಮ ಗಾತ್ರದ ಊರಿನ ಒಂದು ತಂಡದ ಹತ್ತಿರ 15 ಕೋಟಿ ಡಾಲರ್ ಇದೆ ಅಂತ ಇಟ್ಟುಕೊಳ್ಳೋಣ. ಪಂದ್ಯಕ್ಕೆ ಸಿದ್ಧವಿರುವ ತಂಡದಲ್ಲಿ 26 ಜನ. ಅವರಲ್ಲಿ 12 ಜನ ಮೇಜರ್ ಲೀಗ್‌ಗೆ ಬಂದು ಮೂರು ವರ್ಷ ತುಂಬದ ಹುಡುಗರು, ತಲಾ ಸುಮಾರು 8 ಲಕ್ಷ. 2026ರ ಕನಿಷ್ಠ ಸಂಬಳವೇ 7.8 ಲಕ್ಷ ಡಾಲರ್. ಎಲ್ಲ ಸೇರಿ 1 ಕೋಟಿಯೊಳಗೆ. ತಂಡ ಚೆನ್ನಾಗಿ ಬೆಳೆಸಿದ್ದರೆ ಇವರಿಂದಲೇ 15 ಗೆಲುವು ಬರಬಹುದು. ಇನ್ನೊಂದು ಏಳು ಜನ ಮೂರರಿಂದ ಆರು ವರ್ಷದ ನಡುವಿನವರು, ಆರ್ಬಿಟ್ರೇಷನ್ ಹಂತದವರು, ಅಂದರೆ ಸಂಬಳದಲ್ಲಿ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥರು ತೀರ್ಮಾನಿಸುವ ಹಂತದವರು. ತಲಾ 50 ಲಕ್ಷ ಅಂದರೂ 3.5 ಕೋಟಿ, 13 ಗೆಲುವು. ಇಲ್ಲಿಗೆ 19 ಜನ, 4.5 ಕೋಟಿ, 28 ಗೆಲುವು. ಗಾಯಗೊಂಡವರ ಜಾಗಕ್ಕೆ ಬರುವವರ ಸಂಬಳಕ್ಕೆ 50 ಲಕ್ಷ, ಸೀಸನ್ ನಡುವೆ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವ ವಿನಿಮಯಕ್ಕೆ 1 ಕೋಟಿ ಎತ್ತಿಟ್ಟರೆ ಉಳಿಯುವುದು 9 ಕೋಟಿ. ಅದರಲ್ಲಿ ಏಳು ಜನರನ್ನು ಕೊಂಡರೆ 11 ಗೆಲುವು. 48, 28, 11 ಕೂಡಿಸಿ ನೋಡಿ, 87.

ಮೂರು ಕಡಿಮೆ ಬಂತಲ್ಲ ಅಂತ ಚಿಂತೆ ಬೇಡ. ಪ್ಲೇಆಫ್‌ಗೆ 12 ತಂಡ ಹೋಗುವ ಈ ಕಾಲದಲ್ಲಿ 87 ಸಾಮಾನ್ಯವಾಗಿ ಸಾಕು. 2023ರಲ್ಲಿ ಅರಿಜೋನಾ 84 ಗೆದ್ದು ವರ್ಲ್ಡ್ ಸೀರೀಸ್ ತನಕ ಹೋಯಿತು. 2025ರಲ್ಲಿ ಸಿನ್ಸಿನಾಟಿಗೆ 83ಕ್ಕೇ ಜಾಗ ಸಿಕ್ಕಿತು. ಇದರಿಂದ ಹೊರಡುವ ಮಾತು ಬೇರೆ: ಎಲ್ಲ ಗೆಲುವಿಗೂ ಒಂದೇ ಬೆಲೆ ಅಲ್ಲ. 70ರಿಂದ 75ಕ್ಕೆ ಏರಲು 4 ಕೋಟಿ ಸುರಿಯುವುದು ದಂಡ. 83ರಿಂದ 88ಕ್ಕೆ ಏರಲು ಅದೇ 4 ಕೋಟಿ ಒಳ್ಳೆಯ ಖರ್ಚು. ತನ್ನ ಹುಡುಗರಿಂದ ತಂಡ 70ರಲ್ಲೇ ನಿಂತಿದೆ ಅಂದರೆ ಆ ವರ್ಷ ದೊಡ್ಡ ಹೆಸರಿನ ಹಿಂದೆ ಹೋಗಲೇಬಾರದು.

ದೊಡ್ಡ ಹೆಸರು ಅಂದ ಮೇಲೆ ಇನ್ನೊಂದು. ಕ್ರಿಕೆಟ್‌ನಲ್ಲಿ, ಅದರಲ್ಲೂ ಟಿ20ಯಲ್ಲಿ, ಒಬ್ಬ ಆರಂಭಿಕ ಆಟಗಾರ 120 ಎಸೆತದಲ್ಲಿ 60ನ್ನು ತಾನೇ ಆಡಬಹುದು. ಬೌಲರ್‌ಗೆ 24 ಎಸೆತ, ಅಂದರೆ ಐದನೇ ಒಂದು ಪಾಲು. ಬೇಸ್‌ಬಾಲ್‌ನಲ್ಲಿ ಬ್ಯಾಟರ್ ಎಷ್ಟೇ ದೊಡ್ಡವನಾದರೂ ಒಂಬತ್ತರಲ್ಲಿ ಒಂದು ಸರದಿ, ಪಂದ್ಯಕ್ಕೆ ನಾಲ್ಕೈದು ಸಲ. ಪಂದ್ಯ ಶುರುಮಾಡುವ ಸ್ಟಾರ್ಟಿಂಗ್ ಪಿಚರ್ ಐದು ದಿನಕ್ಕೊಮ್ಮೆ ಮಾತ್ರ ಮೈದಾನಕ್ಕಿಳಿಯುತ್ತಾನೆ. ಅದಕ್ಕೇ ಮೈಕ್ ಟ್ರೌಟ್, ಶೋಹೇ ಓಟಾನಿ ಇಬ್ಬರೂ ಒಟ್ಟಿಗೇ ಇದ್ದ ಏಂಜಲ್ಸ್ 2018ರಿಂದ 2023ರವರೆಗೆ ಒಮ್ಮೆಯೂ ಪ್ಲೇಆಫ್ ಕಾಣಲಿಲ್ಲ. ಆರ್‌ಸಿಬಿ ಅಭಿಮಾನಿಗಳಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಗೇಲ್, ಕೊಹ್ಲಿ, ಡಿವಿಲಿಯರ್ಸ್ ಮೂವರಿದ್ದೂ ಬಾರದ ಕಪ್ ಬಂದದ್ದು 2025ರಲ್ಲಿ. ಹಿಂದಿನ ಹರಾಜಿನಲ್ಲಿ ಪಂತ್‌ಗೆ ಲಖನೌ 27 ಕೋಟಿ ಸುರಿದಾಗ ಆರ್‌ಸಿಬಿಯ ಅತಿ ದುಬಾರಿ ಖರೀದಿ ಹೇಜಲ್‌ವುಡ್, 12.5 ಕೋಟಿ. ಸಾಲ್ಟ್ 11.5, ಜಿತೇಶ್ 11, ಭುವನೇಶ್ವರ್ 10.75, ಫೈನಲ್‌ನ ಪಂದ್ಯಶ್ರೇಷ್ಠ ಕೃಣಾಲ್ 5.75. ಹರಡಿ ಖರ್ಚು ಮಾಡಿದ ತಂಡ ಅದು. ಬೇಸ್‌ಬಾಲ್‌ಗೆ ಈ ಬುದ್ಧಿ ಇನ್ನೂ ಹೆಚ್ಚು ಬೇಕು.

ಹರಡುವುದರಲ್ಲಿ ಎಲ್ಲರೂ ಎಡವುವುದು ಪಿಚಿಂಗ್‌ನಲ್ಲಿ. 162 ಪಂದ್ಯ, ತಲಾ ಒಂಬತ್ತು ಇನಿಂಗ್ಸ್, ಒಟ್ಟು 1,458 ಇನಿಂಗ್ಸ್ ಎಸೆಯಬೇಕು. ಐವರು ಸ್ಟಾರ್ಟರ್‌ಗಳು ತಲಾ 150 ಎಸೆದರೂ 750 ಆಯಿತು, ಅರ್ಧಕ್ಕೆ ಸ್ವಲ್ಪ ಮೇಲೆ. ಐವರೂ ವರ್ಷವಿಡೀ ನಿಲ್ಲುವುದು ಅಪರೂಪ. ಮೊಣಕೈಯ ಟಾಮಿ ಜಾನ್ ಶಸ್ತ್ರಚಿಕಿತ್ಸೆಯಾದರೆ 12ರಿಂದ 18 ತಿಂಗಳು ಹೋಯಿತು. ಆದ್ದರಿಂದ ಒಬ್ಬ ದೊಡ್ಡ ಪಿಚರ್‌ಗೆ 3 ಕೋಟಿ ಕೊಡುವ ಮೊದಲು ಆರನೆಯವನಿಂದ ಒಂಬತ್ತನೆಯವನ ತನಕ ಯಾರು ಅಂತ ಬರೆದಿಟ್ಟುಕೊಳ್ಳಬೇಕು. ಅವರ ಹತ್ತಿರ ‘ಆಪ್ಷನ್’ ಉಳಿದಿರಬೇಕು. ಆ 26 ಜನರೂ ಸೇರಿದ, ತಂಡದ 40 ಜನರ ಪಟ್ಟಿಯಲ್ಲಿರುವ ಆಟಗಾರನನ್ನು ಸಾಮಾನ್ಯವಾಗಿ ಮೂರು ಸೀಸನ್ ತನಕ ಕೆಳಗಿನ ಲೀಗ್‌ಗೆ ಕಳಿಸಿ ಮತ್ತೆ ಕರೆಸಿಕೊಳ್ಳುವ ಹಕ್ಕು ಅದು. ಮಂಗಳವಾರ ರಾತ್ರಿ ಪಂದ್ಯ ಎಳೆದಾಡಿ ಒಬ್ಬ ರಿಲೀವರ್, ಅಂದರೆ ಸ್ಟಾರ್ಟರ್ ನಂತರ ಎಸೆಯಲು ಬರುವವನು, ಮೂರು ಇನಿಂಗ್ಸ್‌ನಲ್ಲಿ 50 ಪಿಚ್ ಎಸೆದ ಅನ್ನಿ. ಅವನ ಕೈ ಇನ್ನು ಮೂರು ದಿನ ಏಳುವುದಿಲ್ಲ. ಬುಧವಾರ ಬೆಳಿಗ್ಗೆ ಅವನನ್ನು ಒಂದು ಮೆಟ್ಟಿಲು ಕೆಳಗಿನ ಲೀಗ್ ಆದ ಟ್ರಿಪಲ್‌ಎಗೆ ಕಳಿಸಿ, ಅಲ್ಲಿಂದ ಹೊಸ ಕೈ ಕರೆಸುತ್ತಾರೆ. ಹೋದ ಪಿಚರ್ ಸಾಮಾನ್ಯವಾಗಿ 15 ದಿನ ಅಲ್ಲೇ ಇರಬೇಕು, ಒಂದೇ ಸೀಸನ್‌ನಲ್ಲಿ ಹೀಗೆ ಐದು ಸಲಕ್ಕಿಂತ ಹೆಚ್ಚು ಕಳಿಸುವಂತಿಲ್ಲ. ಆಪ್ಷನ್ ಮುಗಿದವನನ್ನು ಹೀಗೆ ಕಳಿಸಹೋದರೆ ಉಳಿದ 29 ತಂಡಗಳಲ್ಲಿ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು. ಆಪ್ಷನ್ ಇಲ್ಲದ ನಾಲ್ವರು ರಿಲೀವರ್‌ಗಳನ್ನು ತುಂಬಿಕೊಂಡ ತಂಡಕ್ಕೆ ಮೇ ತಿಂಗಳಲ್ಲೇ ಉಸಿರು ಕಟ್ಟುತ್ತದೆ. ಈ ಸಂಗತಿ ಸಂಬಳದ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ರಿಲೀವರ್‌ಗಳಿಗೆ ಮೂರು ನಾಲ್ಕು ವರ್ಷದ ಕರಾರು ಕೊಡುವುದಂತೂ ನನಗೆ ಸುತರಾಂ ಒಪ್ಪಿಗೆಯಿಲ್ಲ. ವರ್ಷಕ್ಕೆ 60-65 ಇನಿಂಗ್ಸ್ ಎಸೆಯುವವನ ಒಂದು ಒಳ್ಳೆಯ ವರ್ಷ ಅದೃಷ್ಟವೋ ಶಕ್ತಿಯೋ ಹೇಳಲು ಬಾರದು.

ಪರ್ಸ್ ಇಲ್ಲ ಅಂದೆ, ಅಂದರೆ ಸಂಬಳಕ್ಕೆ ಮಿತಿ ಇಲ್ಲ. ಆದರೆ ಲೀಗ್ ಹಾಕುವ ತೆರಿಗೆ ಇದೆ. 2026ಕ್ಕೆ 24.4 ಕೋಟಿ ಡಾಲರ್ ದಾಟಿದ ಮೊತ್ತಕ್ಕೆ ಮೊದಲ ವರ್ಷ ಶೇ 20, ಸತತ ಎರಡನೇ ವರ್ಷ 30, ಮೂರನೇ ವರ್ಷದಿಂದ 50. ಆ ಗೆರೆಗಿಂತ 6 ಕೋಟಿ ಮೇಲೆ ಹೋದ ಪಾಲಿಗೆ ಇನ್ನೂ 60 ಸೇರುತ್ತದೆ. ಅಂದರೆ ಪದೇ ಪದೇ ದಾಟುವ ತಂಡ ಆ ಎತ್ತರದಲ್ಲಿ ಒಂದು ಡಾಲರ್ ಸಂಬಳ ಕೊಟ್ಟರೆ 1.10 ಡಾಲರ್ ತೆರಿಗೆ ಕಟ್ಟಬೇಕು. ಹೊಸಬರು 26 ಜನರ ಸಂಬಳ ಕೂಡಿಸಿ ‘ಇನ್ನೂ ಜಾಗ ಇದೆ’ ಅಂದುಕೊಳ್ಳುತ್ತಾರೆ. ತೆರಿಗೆ ಲೆಕ್ಕಕ್ಕೆ 40 ಜನರ ಪಟ್ಟಿ ಬರುತ್ತದೆ, ವಿಮೆ ಪಿಂಚಣಿಗಳ ಬಾಬ್ತು ತಂಡಕ್ಕೆ 1.7 ಕೋಟಿ ಡಾಲರ್‌ಗೂ ಮೇಲೆ ಬರುತ್ತದೆ, ಹುಡುಗರ ಬೋನಸ್ ನಿಧಿಯ 5 ಕೋಟಿಯಲ್ಲಿ ಮೂವತ್ತನೇ ಒಂದು ಪಾಲೂ ಬರುತ್ತದೆ. ಆ ವರ್ಷ ಕೈಗೆ ಕೊಟ್ಟ ಹಣ ಎಷ್ಟಿದ್ದರೂ ತೆರಿಗೆಗೆ ಕರಾರಿನ ವಾರ್ಷಿಕ ಸರಾಸರಿಯೇ ಲೆಕ್ಕ.

ಆಮೇಲೆ ಡಾಡ್ಜರ್ಸ್ ಜತೆ ಓಟಾನಿ ಮಾಡಿಕೊಂಡ ಕರಾರಿನ ಜಾಣತನ ಇರುವುದು ಇಲ್ಲೇ. 10 ವರ್ಷ, 70 ಕೋಟಿ. ಅದರಲ್ಲಿ 68 ಕೋಟಿ ಬಡ್ಡಿಯಿಲ್ಲದೆ 2034ರಿಂದ 2043ರವರೆಗೆ ಕೊಡುವುದು. ಈಗ ಅವರ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ. ಮುಂದೆ ಕೊಡುವ ದುಡ್ಡಿಗೆ ಇಂದಿನ ಬೆಲೆ ಕಟ್ಟುವುದರಿಂದ ತೆರಿಗೆಯ ಲೆಕ್ಕದಲ್ಲಿ ವರ್ಷಕ್ಕೆ ಸುಮಾರು 4.6 ಕೋಟಿ ಮಾತ್ರ. ಆದರೆ ಇದು ಪುಕ್ಕಟೆ ಸಾಲವೇನಲ್ಲ. ಮುಂದೂಡಿದ ಹಣದ ಇಂದಿನ ಬೆಲೆಯನ್ನು ತಂಡ ಬೇರೆಯಾಗಿ ಎತ್ತಿಡಲೇಬೇಕು ಅನ್ನುವ ನಿಯಮವಿದೆ. ಸಣ್ಣ ತಂಡ ಇದನ್ನು ನೋಡಿ ಕುಣಿದರೆ ಕೆಲಸ ಕೆಡುತ್ತದೆ.

ದುಡ್ಡಿದ್ದವರೂ ಬೀಳುತ್ತಾರೆ. 2023ರಲ್ಲಿ ಮೆಟ್ಸ್ 10 ಕೋಟಿ ಡಾಲರ್‌ಗೂ ಹೆಚ್ಚು ತೆರಿಗೆಯನ್ನೇ ಕಟ್ಟಿ 75 ಗೆದ್ದು 87 ಸೋತಿತು. ಎಲ್ಲರೂ ನಕ್ಕರು. ನನಗೆ ಮಾತ್ರ ಅದು ಸೋಲುವ ಸರಿಯಾದ ರೀತಿ ಅನ್ನಿಸುತ್ತದೆ. 35 ದಾಟಿದ ಪಿಚರ್‌ಗಳಾದ ಶರ್ಜರ್, ವರ್ಲ್ಯಾಂಡರ್ ಇಬ್ಬರಿಗೂ ವರ್ಷಕ್ಕೆ 4.33 ಕೋಟಿ, ಆದರೆ ಕರಾರು ಒಬ್ಬರಿಗೆ ಮೂರು ವರ್ಷ, ಇನ್ನೊಬ್ಬರಿಗೆ ಎರಡು. ಆಗಸ್ಟ್ 1ರೊಳಗೇ ಸಂಬಳದ ದೊಡ್ಡ ಪಾಲನ್ನು ತಾವೇ ಹೊತ್ತು ಇಬ್ಬರನ್ನೂ ಬೇರೆ ತಂಡಗಳಿಗೆ ಕೊಟ್ಟು ಬದಲಿಗೆ ಎಳೆಯ ಹುಡುಗರನ್ನು ಪಡೆದರು. ಮರುವರ್ಷ ತಂಡ ನ್ಯಾಷನಲ್ ಲೀಗ್ ಅಂತಿಮ ಸರಣಿಯಲ್ಲಿ, ಅಂದರೆ ವರ್ಲ್ಡ್ ಸೀರೀಸ್‌ಗೆ ಒಂದು ಮೆಟ್ಟಿಲು ಕೆಳಗೆ ಇತ್ತು. 35 ದಾಟಿದವರಿಗೆ ದುಡ್ಡು ಜಾಸ್ತಿ ಕೊಡಿ, ವರ್ಷ ಕಡಿಮೆ ಕೊಡಿ.

ವರ್ಷ ಕೊಡುವುದಾದರೆ ಚಿಕ್ಕವರಿಗೆ. ಬೇಸ್‌ಬಾಲ್ ತಂಡಕ್ಕೆ ತಾನು ಮೇಲಕ್ಕೆ ತಂದ ಹುಡುಗನ ಮೇಲೆ ಆರು ವರ್ಷದ ಹಕ್ಕು ಇರುತ್ತದೆ. ಅದನ್ನು ಮಾರುಕಟ್ಟೆಗೆ ಹೋಗುವ ಮುಂಚೆಯೇ ಉದ್ದಮಾಡಿಕೊಳ್ಳುವುದು ಅಟ್ಲಾಂಟಾದ ದಾರಿ: 2019ರಲ್ಲಿ ಅಕುನ್ಯಾಗೆ 8 ವರ್ಷ 10 ಕೋಟಿ, ಆಲ್ಬೀಸ್‌ಗೆ 7 ವರ್ಷ 3.5 ಕೋಟಿ. 2021ರಲ್ಲಿ ಅವರು ಚಾಂಪಿಯನ್ನರು. ಹುಡುಗರಿಗೆ ಇದರಲ್ಲಿ ಅನ್ಯಾಯವಾಯಿತು ಅನ್ನುವ ಮಾತು ಆಗಲೂ ಇತ್ತು, ಸುಳ್ಳೂ ಅಲ್ಲ. ಆರು ವರ್ಷದ ಹಕ್ಕನ್ನು ಹಿಗ್ಗಿಸುವ ಕಳ್ಳದಾರಿ ಇನ್ನೂ ಕೆಟ್ಟದ್ದು. ಮೇಜರ್ ಲೀಗ್‌ನಲ್ಲಿ 172 ದಿನ ಇದ್ದರೆ ಒಂದು ವರ್ಷ ಅಂತ ಲೆಕ್ಕ. 2015ರಲ್ಲಿ ಷಿಕಾಗೊ ಕಬ್ಸ್ ಕ್ರಿಸ್ ಬ್ರಯಂಟ್‌ನನ್ನು ಏಪ್ರಿಲ್ 17ರ ತನಕ ಕೆಳಗೆ ಕೂರಿಸಿತು. ಸೀಸನ್ ಮುಗಿದಾಗ ಅವನ ಲೆಕ್ಕ 171 ದಿನ. ಒಂದು ದಿನಕ್ಕೆ ಒಂದು ವರ್ಷ ಹೋಯಿತು, ದೂರು ಕೊಟ್ಟೂ ಗೆಲ್ಲಲಿಲ್ಲ. ಈಗ ಲೀಗ್‌ನ ಅತ್ಯುತ್ತಮ ಹೊಸಬರ ಮತದಾನದಲ್ಲಿ ಮೊದಲೆರಡು ಸ್ಥಾನ ಬಂದವರಿಗೆ ಪೂರ್ತಿ ವರ್ಷ ಸಿಗುತ್ತದೆ. 2024ರ ಮೇನಲ್ಲಿ ಬಂದ ಪಾಲ್ ಸ್ಕೀನ್ಸ್‌ಗೆ ಹಾಗೆ ಸಿಕ್ಕಿತು.

ಈ ಹಕ್ಕು ಐಪಿಎಲ್‌ನಲ್ಲಿ ಯಾರಿಗೂ ಇಲ್ಲ. ಪ್ರಸಿದ್ಧ ಕೃಷ್ಣನನ್ನು ಬೆಳೆಸಿದ್ದು ಕರ್ನಾಟಕದ ಕ್ರಿಕೆಟ್, 25 ವಿಕೆಟ್ ತೆಗೆದು ಪರ್ಪಲ್ ಕ್ಯಾಪ್ ತೊಟ್ಟದ್ದು ಗುಜರಾತ್‌ಗೆ. ರಾಹುಲ್ 14 ಕೋಟಿಗೆ ಡೆಲ್ಲಿಗೆ ಹೋದಾಗ ನಮ್ಮವರು ಗೊಣಗಿದ್ದು ನೆನಪಿದೆಯಲ್ಲ. ಬೇಸ್‌ಬಾಲ್ ತಂಡ ಕೆಳಗಿನ ಲೀಗ್‌ಗಳಲ್ಲಿ 165 ಜನರ ತನಕ ಸಾಕುತ್ತದೆ, ಕೋಚ್, ಊಟ ಎಲ್ಲ ಅದರ ಖರ್ಚು. ಆ ಖರ್ಚಿನ ಪ್ರತಿಫಲವೇ ಆ ಆರು ವರ್ಷ. ಆದರೆ ಅದೇ ಸ್ಕೀನ್ಸ್ 2025ರಲ್ಲಿ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದಾಗ ಅವನ ಸಂಬಳ 10 ಲಕ್ಷ ಡಾಲರ್‌ಗೂ ಕಡಿಮೆ. 13ರ ವೈಭವ್ ಸೂರ್ಯವಂಶಿಗೆ ಹರಾಜಿನಲ್ಲಿ ನಿಂತ ನಿಲುವಿನಲ್ಲೇ 1.1 ಕೋಟಿ ರೂಪಾಯಿ ಸಿಕ್ಕಿತ್ತು. ಎಳೆಯರ ಪಾಲಿಗೆ ನಮ್ಮ ಹರಾಜೇ ವಾಸಿ. ಬಿದ್ದವರ ಪಾಲಿಗೆ ಬೇಸ್‌ಬಾಲ್ ವಾಸಿ.

ಮೇಲಿನ ಲೆಕ್ಕಕ್ಕೆಲ್ಲ ಒಂದು ಗಡುವಿದೆ. ಈಗಿನ ಮಾಲೀಕರು-ಆಟಗಾರರ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಮಾಲೀಕರಲ್ಲಿ ಹಲವರಿಗೆ ಸಂಬಳದ ಮಿತಿ ಬೇಕು, ಆಟಗಾರರ ಸಂಘಕ್ಕೆ ಅದು ಬೇಡವೇ ಬೇಡ. ಮಿತಿ ಬಂದರೆ 2030ರ ತನಕ ಬರೆದುಕೊಟ್ಟ ಉದ್ದ ಕರಾರುಗಳು ಮೊದಲೇ ಜಾಗ ತಿಂದು ಕೂತಿರುತ್ತವೆ. ಹಾಗಾಗಿ ಆ 15 ಕೋಟಿಯ ತಂಡಕ್ಕೆ ಈಗ ನಾನು ಹೇಳುವುದಿಷ್ಟು: ಹೊರಗಿನಿಂದ ತರುವ ಏಳು ಜನರಲ್ಲಿ ಇಬ್ಬರನ್ನು ಬಿಟ್ಟು ಉಳಿದ ಯಾರಿಗೂ 2027 ದಾಟಿ ಸಹಿ ಹಾಕಬೇಡಿ, ಆ ಇಬ್ಬರೂ 28 ವಯಸ್ಸಿನೊಳಗಿರಲಿ, ಒಬ್ಬ ಮೈದಾನದ ನಡುಭಾಗ ಕಾಯುವ ಶಾರ್ಟ್‌ಸ್ಟಾಪ್ ಅಥವಾ ಸೆಂಟರ್ ಫೀಲ್ಡರ್ ಆಗಿರಲಿ.