ರಿಂಗ್ ಕೆಳಗಿಳಿಸಿದ್ರೆ ಯಾರ ಗಂಟು ಹೋಗುತ್ತೆ?

ಮಗಳು ಬ್ಯಾಸ್ಕೆಟ್‌ಬಾಲ್ ಆಡೋ ವಿಡಿಯೋ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೆ. ಬಾಲು ನೆಟ್ ಒಳಗೆ ಬಿದ್ದಿದ್ದೇ ತಡ ಅವಳು ಕುಣಿದಾಡಿದ್ದೂ ಅದರಲ್ಲಿತ್ತು. ಚಪ್ಪಾಳೆ, ಹಾರ್ಟು ಎಲ್ಲಾ ಬಂದ್ವು, ಕೊನೆಗೆ ಭಾವ ಒಂದು ಲೈನ್ ಹಾಕಿದ್ರು: "ರಿಂಗ್ ಅಷ್ಟು ಕೆಳಗಿದ್ರೆ ನಮ್ಮಜ್ಜಿನೂ ಹಾಕ್ತಾರೆ ಬಿಡೋ." ತಮಾಷೆಗೆ ಅಂದಿದ್ದು ಅಂತ ಗೊತ್ತು, ಆದ್ರೂ ಚುಚ್ತು. ನಮ್ಮ ಕಡೆ ಎಷ್ಟೋ ಮಕ್ಕಳು ಒಂದು ವಾರ ಆಡಿ ಈ ಆಟದ ಸಹವಾಸವೇ ಬೇಡ ಅನ್ನೋಕೆ ಈ ಧೋರಣೆನೇ ಕಾರಣ ಅನ್ಸುತ್ತೆ ನಂಗೆ.

ಇಲ್ಲಿ ಅಮೆರಿಕದಲ್ಲಿ ಪ್ರಾಕ್ಟೀಸಿಗೆ ಮುಂಚೆ ಕೋಚ್ ಮಾಡೋ ಮೊದಲ ಕೆಲಸ ಕಂಬದ ಹಿಂದಿರೋ ಹ್ಯಾಂಡಲ್ ತಿರುಗಿಸಿ ರಿಂಗ್ ಇಳಿಸೋದು. ಏಳೆಂಟು ವರ್ಷದವ್ರಿಗೆ 8 ಅಡಿ ಎತ್ತರ, 4ನೇ ಸೈಜಿನ ಬಾಲು, ಒಂಬತ್ತರಿಂದ ಹನ್ನೊಂದರವರೆಗೆ 9 ಅಡಿ, 5ನೇ ಸೈಜು, ದೊಡ್ಡವರ 10 ಅಡಿ ಬರೋದು ಅದಾದ್ಮೇಲೇ. ಇಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್‌ಬಿಎ, ದೇಶದ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಯುಎಸ್‌ಎ ಬ್ಯಾಸ್ಕೆಟ್‌ಬಾಲ್ ಸೇರಿ ಮಾಡಿರೋ ಗೈಡ್‌ಲೈನಲ್ಲೇ ಇದಿದೆ.

ನಮ್ಮೂರ ಕಡೆ ಗ್ರೌಂಡಲ್ಲಿ ರಿಂಗಿಗೆ ಒಂದೇ ಎತ್ತರ, ಎಲ್ಲಾ ವಯಸ್ಸಿಗೂ ದೊಡ್ಡ ಗಂಡಸರು ಆಡೋ ಅದೇ 7ನೇ ಸೈಜಿನ ಬಾಲು. ಅರ್ಧ ಕೇಜಿಗಿಂತ ಜಾಸ್ತಿ ತೂಗೋ ಅದನ್ನ ಏಳು ವರ್ಷದ ಮಗು ತಲೆ ಮೇಲಿಂದ ಎಸೆಯೋದಾದ್ರೂ ಹೆಂಗೆ? ಸೊಂಟದ ಪಕ್ಕ ಇಟ್ಕೊಂಡು, ಇಡೀ ಮೈ ತಿರುಚಿ, ಕಣ್ಣು ಮುಚ್ಚಿ ಬೀಸುತ್ತೆ, ಬಾಲು ನೆಟ್ಟಿಗೂ ತಾಗದೆ ವಾಪಸ್ ಬರುತ್ತೆ, ಹಿಂದಿಂದ ಯಾರೋ "ಶಕ್ತಿ ಹಾಕೋ" ಅಂತಾರೆ. ಆ ತಿರುಚಿ ಎಸೆಯೋ ಅಭ್ಯಾಸ ಒಂದ್ಸಲ ಕೈಗೆ ಕೂತ್ರೆ ಬಿಡಿಸೋದು ಕಷ್ಟ. ಇನ್ನು ಇರೋ ಒಂದು ಬಾಲಿಗೆ ಇಡೀ ಸಾಲು ಕಾಯ್ತಿರುತ್ತೆ, ಸರದಿ ಬರೋ ಹೊತ್ತಿಗೆ ಮಗುವಿನ ಗಮನ ಇರುವೆ ಗೂಡಿನ ಮೇಲೆ. ಅಪ್ಪ ಅಮ್ಮ ಕಳಿಸೋದಾದ್ರೂ ಯಾಕೆ, ಹೈಟ್ ಆಗ್ಲಿ ಅಂತ! ಆಡಿದ್ರೆ ಯಾರೂ ಉದ್ದ ಆಗಲ್ಲ ಸ್ವಾಮಿ, ಉದ್ದ ಇರೋರು ಆಟದಲ್ಲಿ ಉಳ್ಕೋತಾರೆ ಅಷ್ಟೇ.

ಆ 10 ಅಡಿನೂ ಲೆಕ್ಕ ಹಾಕಿ ಇಟ್ಟಿದ್ದಲ್ಲ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಊರಿನ ಜಿಮ್ಮಲ್ಲಿ, ಈ ಆಟ ಹುಟ್ಟುಹಾಕಿದ ಜೇಮ್ಸ್ ನೇಯ್ಸ್ಮಿತ್ ಪೀಚ್ ಹಣ್ಣಿನ ಬುಟ್ಟಿನ ಬಾಲ್ಕನಿ ಕಂಬಿಗೆ ಹೊಡೆಸಿದ, ಆ ಬಾಲ್ಕನಿ 10 ಅಡಿ ಎತ್ತರದಲ್ಲಿತ್ತು. ಆಡಿದ್ದು ದೊಡ್ಡ ಗಂಡಸರು. ಆ ಕಟ್ಟಡದ ಅಳತೆನ ನಾವು ಒಂದನೇ ಕ್ಲಾಸಿನ ಮಕ್ಕಳ ಮೇಲೆ ಹೇರ್ತಾ ಇದೀವಿ.

ಇಲ್ಲಿ ನಂಗೆ ತುಂಬಾ ಹಿಡಿಸಿದ್ದು ಇನ್ನೊಂದಿದೆ. ಎಲ್ಲಾ ಮಕ್ಕಳ ಕೈಲೂ ಒಂದೊಂದು ಬಾಲು, ಎಲ್ಲರೂ ಡ್ರಿಬಲ್ ಮಾಡ್ತಾ, ಅಂದ್ರೆ ಬಾಲು ನೆಲಕ್ಕೆ ಪುಟಿಸ್ತಾ ಓಡಾಡ್ಬೇಕು, ಕೋಚ್ ಅಲ್ಲಲ್ಲಿ ನಿಂತು ಬೆರಳು ಎತ್ತಿ ತೋರಿಸ್ತಾರೆ, ಮಕ್ಕಳು ಎಷ್ಟು ಬೆರಳು ಅಂತ ಕಿರುಚ್ಬೇಕು. "ಬಾಲ್ ನೋಡ್ಬೇಡ, ತಲೆ ಎತ್ತು" ಅನ್ನೋ ಮಾತೇ ಇಲ್ಲ, ತಲೆ ತಾನಾಗೇ ಮೇಲಿರುತ್ತೆ. ಅದೇ ಆಟದಲ್ಲಿ ತಮ್ಮ ಬಾಲು ಕಾಪಾಡ್ಕೊಂಡು ಬೇರೆಯವರದ್ದನ್ನ ಗೆರೆ ಆಚೆ ತಳ್ಳೋಕೆ ಬಿಟ್ರೆ ಮುಗೀತು, ಮನೆಗೆ ಹೊರಡಿಸೋದೇ ಕಷ್ಟ. ಇದಕ್ಕೆ ಹ್ಯಾಂಡಲ್ ಇರೋ ಕಂಬ ಬೇಡ, ಡಾಲರೂ ಬೇಡ, ಅಗ್ಗದ ರಬ್ಬರ್ ಬಾಲು ನಾಲ್ಕು ಜಾಸ್ತಿ ತಂದ್ರೆ ಸಾಕು. ಗೋಡೆಗೆ 8 ಅಡಿಯಲ್ಲಿ ಒಂದು ರಿಂಗ್ ಹೊಡೆಯೋಕೆ ವೆಲ್ಡಿಂಗ್ ಅಂಗಡಿಯವ್ರಿಗೆ ಎಷ್ಟೊತ್ತು ಹಿಡಿಯುತ್ತೆ ಹೇಳಿ?

ಸರಿ, ಇಲ್ಲಿನದೂ ಒಂದು ಹೇಳ್ಲೇಬೇಕು, ಇಲ್ಲಾಂದ್ರೆ ಭಾವ ಬಿಡಲ್ಲ. ಸೀಸನ್ ಮುಗೀತಂದ್ರೆ ಇಲ್ಲಿ ಆಟನೂ ಮುಗೀತು. ಪಕ್ಕದ ಮನೆ ಮಗು ಜೊತೆ ಆಡ್ಬೇಕಂದ್ರೂ ಅವರಮ್ಮಂಗೆ ಮೆಸೇಜ್ ಹಾಕಿ ಟೈಮ್ ತಗೋಬೇಕು. ಎಂಟರವಳು ಎಂಟರವರ ಜೊತೆನೇ, ಹನ್ನೆರಡರವರ ಮುಖನೇ ನೋಡಲ್ಲ. ನಮ್ಮಲ್ಲಿ ಸಂಜೆ ಆದ್ರೆ ದೊಡ್ಡ ಹುಡುಗ್ರು ಆಡ್ತಿದ್ದ ಕಡೆ ಚಿಕ್ಕವ್ರು ನುಗ್ತಿದ್ವಿ, ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸ್ಕೊಳ್ಳೋರು, ಮೂಡ್ ಇದ್ರೆ ಹೆಗಲ ಮೇಲೆ ಕೂರಿಸ್ಕೊಂಡು ಬಾಸ್ಕೆಟ್ ಹಾಕ್ಸೋರು. ಯಾವ ಕೋಚೂ ಇರ್ಲಿಲ್ಲ, ನೋಡಿ ನೋಡಿನೇ ಪಾಸ್ ಮಾಡೋದು ಕಲಿತಿದ್ದು. ಆ ಒಂದು ವಿಷಯಕ್ಕೆ ಮಾತ್ರ ಮಗಳನ್ನ ಊರಲ್ಲಿ ಬೆಳೆಸ್ಬೇಕಿತ್ತು ಅನ್ಸುತ್ತೆ, ರಿಂಗ್ ವಿಷಯಕ್ಕಂತೂ ಖಂಡಿತಾ ಅಲ್ಲ.