ಗುರುಗಳ ಹಲ್ಲು ಎಣಿಸಿದವರಿಲ್ಲ

ಮೊಬೈಲಿನಲ್ಲಿ ಆರೋಗ್ಯ, ಆಹಾರದ ಪಾಠ ಹೇಳುವ ಗುರುಗಳ ಆ ವಿಡಿಯೊ ನೀವೂ ನೋಡಿರುತ್ತೀರಿ. ನೋಡಿಲ್ಲ ಎಂದರೆ ಮನೆಯವರ ವಾಟ್ಸಾಪ್ ಗುಂಪಿನಿಂದ ನಿಮ್ಮನ್ನು ಯಾರೋ ತೆಗೆದುಹಾಕಿದ್ದಾರೆ, ವಿಚಾರಿಸಿ. ಮುಂದೆ ತಾಮ್ರದ ತಂಬಿಗೆ, ಹಿಂದೆ ತುಳಸಿ ಕುಂಡ, ಅಂಗಿಗೆ ಸಿಕ್ಕಿಸಿದ ಪುಟ್ಟ ಮೈಕು. ಗುರುಗಳು ಕ್ಯಾಮೆರಾ ಕಡೆ ಬಾಗುತ್ತಾರೆ. ದನಿ ಇಳಿಸುತ್ತಾರೆ. "ರೊಟ್ಟಿ ತಿನ್ನುವವರೇ, ನಿಮ್ಮ ಶತ್ರು ನಿಮ್ಮ ತಾಟಿನಲ್ಲೇ ಕೂತಿದ್ದಾನೆ."

ಬಿಳಿಜೋಳ ಬೆಳೆಯುವ ವಿಜಯಪುರ ಜಿಲ್ಲೆಯಲ್ಲಿ ಈ ಮಾತು ಕೇಳಿಸಿಕೊಂಡವರ ಸ್ಥಿತಿ ಊಹಿಸಿ. ಇಲ್ಲಿ ಶತ್ರುವನ್ನು ದಿನಕ್ಕೆ ಎರಡು ಸಲ, ಹೊತ್ತಿಗೆ ಮೂರರ ಲೆಕ್ಕದಲ್ಲಿ, ಬೆಣ್ಣೆ ಹಚ್ಚಿಕೊಂಡು ತಿನ್ನುತ್ತಾರೆ.

ಈ ಸಲ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದೆವು. ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಬಂದು, ಬನ್ನಿ ಗಿಡದ ಕೆಳಗೆ ಕಂಬಳಿ ಹಾಸಿ ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಶೇಂಗಾ ಹೋಳಿಗೆ, ಗಡಿಗೆಯಲ್ಲಿ ಮೊಸರು. ಬೆಂಗಳೂರಿನಿಂದ ಬಂದಿದ್ದ ಅಣ್ಣನ ಮಗ ತೋಳಿನ ಮೇಲೆ ನಾಣ್ಯದಷ್ಟು ದೊಡ್ಡ ಬಿಳಿ ಬಿಲ್ಲೆ ಅಂಟಿಸಿಕೊಂಡಿದ್ದ. ಅವ್ವ ಗಾಬರಿಯಾದಳು. "ಏನಾತೋ ಯಪ್ಪಾ, ನಾಯಿ ಕಚ್ಚೇತೇನ?"

ನಾಯಿ ಅಲ್ಲ, ಸೆನ್ಸರ್. ಚರ್ಮದ ಕೆಳಗೆ ಸಕ್ಕರೆ ಎಷ್ಟಿದೆ ಎಂದು ಅಳೆದು ಮೊಬೈಲಿಗೆ ಹೇಳುತ್ತಾ ಇರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಇದರಿಂದ ದೊಡ್ಡ ಉಪಕಾರ. ಆದರೆ ಇವನಿಗೆ ಶುಗರ್ ಇಲ್ಲ. ವಯಸ್ಸು 26. ಗುರುಗಳು ಹಾಕಿಕೊಳ್ಳಿ ಎಂದರು, ಹಾಕಿಕೊಂಡ.

"ಆಯಿ, ಮೊದಲು ಪಲ್ಯ ತಿನ್ನು. ಆಮ್ಯಾಲೆ ಪ್ರೋಟೀನ್. ರೊಟ್ಟಿ ಕಡೀಕ" ಅಂದ.

ಅವ್ವನ ಕೈಯಲ್ಲಿ ರೊಟ್ಟಿಯ ಚೂರು, ಅದರಲ್ಲಿ ಹಿಡಿದ ಪಲ್ಯ, ಪಲ್ಯದ ಮೇಲೆ ಚಟ್ನಿ. ಎಲ್ಲ ಸೇರಿ ಒಂದೇ ತುತ್ತು. ತುತ್ತನ್ನು ಒಮ್ಮೆ, ಮೊಮ್ಮಗನನ್ನು ಒಮ್ಮೆ ನೋಡಿದಳು. "ಹಂಗಾದ್ರ ಪಲ್ಯ ಎದ್ರಾಗ ಹಿಡಕೊಂಡು ತಿನ್ಲೋ?"

ಮೊದಲು ಸೊಪ್ಪು ತಿಂದರೆ ಸಕ್ಕರೆ ನಿಧಾನವಾಗಿ ಏರುತ್ತದೆ ಎಂಬುದರಲ್ಲಿ ಒಂದಿಷ್ಟು ನಿಜ ಇದೆ. ಆದರೆ ಅವ್ವನ ಪ್ರಶ್ನೆಗೆ ಗುರುಗಳ ಯಾವ ವಿಡಿಯೊದಲ್ಲೂ ಉತ್ತರ ಇಲ್ಲ. ಹುಡುಗ ಮೊಬೈಲ್ ತಿರುಗಿಸಿ ತಿರುಗಿಸಿ ನೋಡಿದ. ಹೊಲದಲ್ಲಿ ನೆಟ್‌ವರ್ಕೂ ಇರಲಿಲ್ಲ.

ಗುರುಗಳಿಗೆ ಮರೆವು ಜಾಸ್ತಿ. 2023ನ್ನು ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಎಂದು ಸಾರಿತ್ತು. ಆಗ ಇದೇ ಗುರುಗಳು ಇದೇ ತಂಬಿಗೆಯ ಹಿಂದೆ ಕೂತು ಜೋಳವನ್ನು ಅಮೃತ ಎಂದಿದ್ದರು. "ಗ್ಲುಟೆನ್ ಇಲ್ಲ!" ಎಂದು ಬೆರಳು ಎತ್ತಿದ್ದರು, ತಾವೇ ಕೂತು ಆರಿಸಿ ತೆಗೆದವರ ಹಾಗೆ. ಗ್ಲುಟೆನ್ ಎಂದರೆ ಗೋಧಿ ಹಿಟ್ಟಿಗೆ ಅಂಟು ಕೊಡುವ ಪ್ರೋಟೀನ್. ಜೋಳದಲ್ಲಿ ಅದು ಯಾವತ್ತೂ ಇರಲಿಲ್ಲ. ಅದಕ್ಕೇ ಜೋಳದ ಹಿಟ್ಟು ಗೋಧಿ ಕಣಕದಂತೆ ಎಳೆದರೆ ಬರುವುದಿಲ್ಲ, ಹರಿಯುತ್ತದೆ. ಅದಕ್ಕೇ ಕುದಿಯುವ ನೀರು ಹಾಕಿ ನಾದಬೇಕು, ಕೈಯಿಂದ ಬಡಿಯಬೇಕು. ನಸುಕಿನಲ್ಲಿ ಓಣಿ ತುಂಬ ಕೇಳುವ ಪಟಪಟ ಸದ್ದು ಇದೆಯಲ್ಲ, ಅದು ಗ್ಲುಟೆನ್ ಇಲ್ಲದ್ದರ ಸದ್ದು. ಅವ್ವನ ಮೊಣಕೈ ನೋವೂ ಅದರದ್ದೇ.

ಆ ವರ್ಷ ಗುರುಗಳು ಜೋಳದ ಹಿಟ್ಟಿನ ಪ್ಯಾಕೆಟ್ ಮಾರುತ್ತಿದ್ದರು. ಈಗ ಪ್ರೋಟೀನ್ ಪುಡಿ ಮಾರುತ್ತಿದ್ದಾರೆ. ಹೀಗಾಗಿ ಜೋಳ ಶತ್ರುವಾಯಿತು. ಇದಕ್ಕೆ ಅವರು ಸಂಶೋಧನೆ ಎಂದು ಹೆಸರಿಟ್ಟಿದ್ದಾರೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದಿದೆ. ಪಾಪ, ಆ ಸಂಸ್ಥೆ 1918ರಿಂದ ಆಹಾರದ ಮೇಲೇ ಕೆಲಸ ಮಾಡುತ್ತಿದೆ. ಒಂದು ತಾಮ್ರದ ತಂಬಿಗೆ ತಂದಿಟ್ಟುಕೊಳ್ಳಬೇಕು ಎಂದು ಅವರಿಗೆ ಇನ್ನೂ ಹೊಳೆದಿಲ್ಲ.

ಎಣ್ಣೆಯ ಕಥೆ ಇನ್ನೂ ಚೆಂದ. ಅಮೆರಿಕದಲ್ಲಿ ಕೆಲವರು ಬೀಜದ ಎಣ್ಣೆಯೆಲ್ಲ ವಿಷ ಎಂದು ಗದ್ದಲ ಎಬ್ಬಿಸಿದ್ದಾರೆ. ಗುರುಗಳು ಅದನ್ನು ಹಾಗೇ ಕನ್ನಡಕ್ಕೆ ಇಳಿಸಿದರು. ಅಲ್ಲಿಯ ಪಟ್ಟಿಯಲ್ಲಿ ಸ್ಯಾಫ್ಲವರ್ ಎಣ್ಣೆಯೂ ಇತ್ತು, ಅದನ್ನೂ ಗಟ್ಟಿಯಾಗಿ ಓದಿದರು. ಸ್ಯಾಫ್ಲವರ್ ಎಂದರೆ ಕುಸುಬೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ನಾವು ಹೊಲದ ಅಂಚಿಗೆ ಬೇಲಿಯ ಹಾಗೆ ಬಿತ್ತುವ ಆ ಮುಳ್ಳಿನ ಗಿಡವೇ. ಮರುವಾರ ಅದೇ ಚಾನೆಲ್‌ನಲ್ಲಿ "ಅಜ್ಜಿ ಕಾಲದ ಮರದ ಗಾಣದ ಕುಸುಬೆ ಎಣ್ಣೆ" ಮಾರಾಟಕ್ಕೆ ಬಂತು. ಇಂಗ್ಲಿಷಿನಲ್ಲಿ ವಿಷ, ಕನ್ನಡದಲ್ಲಿ ಔಷಧ. ಭಾಷಾಭಿಮಾನ ಎಂದರೆ ಹೀಗಿರಬೇಕು.

ಸಂಕ್ರಾಂತಿಗೆ ಇಲ್ಲಿ ಸಿದ್ಧೇಶ್ವರ ಜಾತ್ರೆ. ಜಾತ್ರೆಯ ದನದ ಸಂತೆ ನೋಡಿಲ್ಲದವರು ಒಮ್ಮೆ ನೋಡಬೇಕು. ಜೋಡಿ ಕಿಲಾರಿ ಎತ್ತು ಕೊಳ್ಳುವ ರೈತ ಮಾರುವವನ ಮಾತು ಕೇಳುವುದೇ ಇಲ್ಲ. ಮೊದಲು ಎತ್ತಿನ ಬಾಯಿ ತೆಗೆಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಹಲ್ಲೆಲ್ಲ ಬಂದು ಬಾಯಿಗೂಡಿದೆಯೋ ಎಂದು ಎಣಿಸಿ ವಯಸ್ಸು ತಿಳಿಯುತ್ತಾನೆ. ಸುಳಿ ನೋಡುತ್ತಾನೆ. ಗೊರಸು ಎತ್ತಿ ನೋಡುತ್ತಾನೆ. ನಡೆಸುತ್ತಾನೆ, ಓಡಿಸುತ್ತಾನೆ, ಬಾಲ ಹಿಡಿದು ಎಳೆಯುತ್ತಾನೆ. ಕಣ್ಣ ಮುಂದೆ ಕೈ ಆಡಿಸುತ್ತಾನೆ, ಕುರುಡಿರಬಹುದಲ್ಲ. ಕೊಂಬಿಗೆ ಬಣ್ಣ ಹಚ್ಚಿದ್ದರೆ ಯಾಕೆ ಹಚ್ಚಿದ್ದಾರೆ ಎಂದು ಉಗುರಿನಿಂದ ಕೆರೆದು ನೋಡುವವರೂ ಇದ್ದಾರೆ. ಆಮೇಲೆ ಯಾವ ಊರು, ಯಾರ ಮನೆಯ ದನ, ಯಾಕೆ ಮಾರುತ್ತೀ ಎಂಬ ವಿಚಾರಣೆ. ಇಷ್ಟೆಲ್ಲ ಮುಗಿದ ಮೇಲೆ ದಲಾಲಿ ಬಂದು ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಾನೆ. ಆ ಟವೆಲ್ ಕೆಳಗೆ ದಲಾಲಿಯ ಪಾಲೂ ಇದೆ ಎಂಬುದು ಅಲ್ಲಿರುವ ಸಣ್ಣ ಹುಡುಗನಿಗೂ ಗೊತ್ತು.

ಅದೇ ರೈತ ಸಂಜೆ ಮನೆಗೆ ಬಂದು ಮೊಬೈಲ್ ತೆಗೆಯುತ್ತಾನೆ. ಊರು ಗೊತ್ತಿಲ್ಲದ, ಕುಲಕಸುಬು ಗೊತ್ತಿಲ್ಲದ ಮನುಷ್ಯ ಏನು ತಿನ್ನು ಅಂದರೆ ಅದು ತಿನ್ನುತ್ತಾನೆ. ಹಲ್ಲು ಎಣಿಸುವುದಿಲ್ಲ. ಗುರುಗಳೂ ವಿಡಿಯೊ ತುಂಬ ಬಾಯಿ ತೆರೆದೇ ಇರುತ್ತಾರೆ. ಎಣಿಸುವವರಿಗೆ ಅಷ್ಟೇನೂ ಕಷ್ಟ ಆಗಲಾರದು.

ಗೋಡೆಯ ಮೇಲೆ ಸರ್ಟಿಫಿಕೇಟ್ ತೂಗುಹಾಕಿದ್ದಾರಲ್ಲ ಎನ್ನುತ್ತೀರಾ? ಬ್ರಿಟನ್ನಿನ ವೈದ್ಯ, ಪತ್ರಕರ್ತ ಬೆನ್ ಗೋಲ್ಡೇಕರ್ 2004ರಲ್ಲಿ ತಮ್ಮ ಬೆಕ್ಕಿನ ಹೆಸರಿನಲ್ಲಿ ಅಮೆರಿಕದ ಪೋಷಣಾ ಸಲಹೆಗಾರರ ಸಂಘವೊಂದಕ್ಕೆ ಅರ್ಜಿ ಹಾಕಿದರು. 60 ಡಾಲರ್ ಕಟ್ಟಿದರು. ಬೆಕ್ಕಿಗೆ ಪ್ರಮಾಣಪತ್ರ ಬಂತು. ಹೆಟ್ಟಿ ಎಂಬ ಆ ಬೆಕ್ಕು ಆಗಲೇ ಸತ್ತಿತ್ತು. ಸತ್ತ ಬೆಕ್ಕಿಗೇ ಸಿಗುವುದಾದರೆ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಗೆ ಏನು ಕಡಿಮೆ? ಹೊಟ್ಟೆ ಬೆನ್ನಿಗೆ ಅಂಟಿದೆ. ಓಟದಲ್ಲಿ ಅದನ್ನು ಮೀರಿಸುವವರಿಲ್ಲ. ಮುಖ್ಯವಾಗಿ, ಅದು ಯಾರಿಗೂ ಮಾತ್ರೆ ಬಿಡಿ ಎಂದು ಹೇಳುವುದಿಲ್ಲ.

ಎಲ್ಲರೂ ಹೀಗೇ ಅಂತಲ್ಲ. 2023ರಲ್ಲಿ ಬೋರ್ನ್‌ವಿಟಾದಲ್ಲಿ ಸಕ್ಕರೆ ಎಷ್ಟಿದೆ ಎಂದು ವಿಡಿಯೊ ಮಾಡಿದವನಿಗೆ ಕಂಪನಿಯಿಂದ ನೋಟಿಸ್ ಬಂತು. ಅವನು ವಿಡಿಯೊ ತೆಗೆದುಹಾಕಿದ. ಆದರೆ ಮಾತು ನಿಲ್ಲಲಿಲ್ಲ. ಮರುವರ್ಷ ಕೇಂದ್ರ ಸರ್ಕಾರವೇ ಅಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂದು ಆನ್‌ಲೈನ್‌ನಲ್ಲಿ ಮಾರಬೇಡಿ ಎಂದಿತು. ಆ ಹುಡುಗ ಡಬ್ಬಿಯ ಹಿಂದೆ ಬರೆದದ್ದನ್ನು ಓದಿದ್ದ, ಅಷ್ಟೇ. ನಮ್ಮ ಗುರುಗಳು ಡಬ್ಬಿಯ ಮುಂದಿನದ್ದನ್ನು ಬರೆಯುತ್ತಾರೆ. ಹಿಂದೆ ಅಚ್ಚು ಹಾಕಿದ, ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರನ್ನು ಕ್ಯಾಮೆರಾಕ್ಕೆ ತೋರಿಸಿ, "ಸರ್ಕಾರವೇ ಒಪ್ಪಿದೆ" ಎನ್ನುತ್ತಾರೆ. ಸರ್ಕಾರ ಒಪ್ಪಿದ್ದು ತಿನ್ನುವ ವಸ್ತು ಮಾರುವುದಕ್ಕೆ. ಅಂಥದ್ದೇ ನಂಬರ್ ಚುರುಮುರಿ ಪ್ಯಾಕೆಟ್ಟಿನ ಮೇಲೂ ಇರುತ್ತದೆ.

ಕಾನೂನು ಇಲ್ಲ ಅಂತಲೂ ಅಲ್ಲ. ಶುಗರ್ ವಾಸಿ ಮಾಡುತ್ತೇವೆ ಎಂದು ಔಷಧದ ಜಾಹೀರಾತು ಕೊಡುವುದು 1954ರ ಕಾಯ್ದೆಯ ಪ್ರಕಾರವೇ ತಪ್ಪು. 2023ರ ಆಗಸ್ಟ್‌ನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಇನ್ನೊಂದು ನಿಯಮ ತಂದಿತು. ಪ್ರಮಾಣಪತ್ರ ಪಡೆದ ಆರೋಗ್ಯ ತಜ್ಞರು ಅದನ್ನು ಹೇಳಬೇಕು, ತಜ್ಞರ ಹಾಗೆ ಮಾತನಾಡುವ ಉಳಿದವರು ಇದು ವೈದ್ಯರ ಸಲಹೆಗೆ ಬದಲಿ ಅಲ್ಲ ಎಂದು ಸ್ಪಷ್ಟವಾಗಿ ತೋರಿಸಬೇಕು. ಗುರುಗಳು ನಿಯಮ ಮೀರುವವರಲ್ಲ. ತೋರಿಸುತ್ತಾರೆ. ವಿಡಿಯೊದ ಕೊನೆಗೆ, ಅರ್ಧ ಸೆಕೆಂಡ್, ಗುರೆಳ್ಳಿನಷ್ಟು ಸಣ್ಣ ಅಕ್ಷರದಲ್ಲಿ. 2024ರ ಏಪ್ರಿಲ್‌ನಲ್ಲಿ ಪತಂಜಲಿ ಜಾಹೀರಾತಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಿಮ್ಮ ಕ್ಷಮಾಪಣೆ ನಿಮ್ಮ ಜಾಹೀರಾತಿನಷ್ಟೇ ದೊಡ್ಡದಿದೆಯೇ ಎಂದು ಕೇಳಿತ್ತು. ನ್ಯಾಯಮೂರ್ತಿಗಳು ಎತ್ತು ಕೊಳ್ಳಲು ಬಂದಿದ್ದರೆ ದಲಾಲಿಗಳು ಸಂತೆ ಬಿಟ್ಟು ಓಡುತ್ತಿದ್ದರು.

ಹಾಲುಗುಂಬಳದ ವಿಷಯ ಒಂದು ಹೇಳಿಬಿಡುತ್ತೇನೆ. ಬೆಂಗಳೂರಿನವರು ಸೋರೆಕಾಯಿ ಎನ್ನುತ್ತಾರಲ್ಲ, ಅದು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಇದರ ರಸ ಕುಡಿಯಿರಿ, ಕಹಿ ಇದ್ದಷ್ಟೂ ಒಳ್ಳೆಯದು ಎಂದು ಗುರುಗಳ ಅಪ್ಪಣೆ. ಅವ್ವ ಪಲ್ಯಕ್ಕೆ ಹೆಚ್ಚುವ ಮೊದಲು ಒಂದು ಚೂರು ಕಚ್ಚಿ ನೋಡುತ್ತಾಳೆ. ಕಹಿ ಇದ್ದರೆ ಎಮ್ಮೆಗೂ ಹಾಕುವುದಿಲ್ಲ, ತಿಪ್ಪೆಗೆ ಎಸೆಯುತ್ತಾಳೆ. 2010ರಲ್ಲಿ ದೆಹಲಿಯಲ್ಲಿ ಕಹಿ ಸೋರೆಕಾಯಿ ರಸ ಕುಡಿದು ಒಬ್ಬ ವಿಜ್ಞಾನಿಯೇ ಸತ್ತರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸಮಿತಿ ಮಾಡಿ ವಿಚಾರಿಸಿತು. ಕಹಿ ಇದ್ದರೆ ಕುಡಿಯಲೇಬೇಡಿ ಎಂದಿತು. ಆ ಕಹಿ ಕುಕರ್ಬಿಟಾಸಿನ್ ಎಂಬ ವಿಷದ್ದು. ಅವ್ವನಿಗೆ ಆ ಹೆಸರು ಗೊತ್ತಿಲ್ಲ. ನಾಲಿಗೆಗೆ ಗೊತ್ತು.

ನಗಿಸಿದ್ದು ಸಾಕು. ನಮ್ಮ ಮಾವನ ವಿಷಯಕ್ಕೆ ಬರುತ್ತೇನೆ.

ಮಾವ ಅಂದರೆ ಅವ್ವನ ತಮ್ಮ. ನಿವೃತ್ತ ಬಸ್ ಕಂಡಕ್ಟರ್. ಸಿಂದಗಿ ಕಡೆ ಇರುತ್ತಾನೆ. ಖೋಟಾ ನೋಟನ್ನು ಕತ್ತಲಲ್ಲಿ ಬೆರಳಿನಿಂದಲೇ ಗುರುತಿಸುತ್ತಿದ್ದ ಮನುಷ್ಯ. 14 ವರ್ಷದಿಂದ ಶುಗರ್. ಕಳೆದ ಬೇಸಿಗೆಯಲ್ಲಿ ಮಾತ್ರೆ ನಿಲ್ಲಿಸಿದ. ಯಾರಿಗೂ ಹೇಳಲಿಲ್ಲ. "90 ದಿನದಲ್ಲಿ ಶುಗರ್ ಮುಕ್ತಿ" ಎಂಬ ಪ್ಯಾಕ್ ತರಿಸಿದ್ದ. ಮೂರು ಡಬ್ಬಿ ಪುಡಿ, ಒಂದು ಬಾಟಲಿ ಕಷಾಯ.

ಗುರುಗಳು ಪೂರ್ತಿ ಸುಳ್ಳು ಹೇಳಿದ್ದರೆ ಮಾವ ಹಿಡಿಯುತ್ತಿದ್ದ. ಅವರು ಅರ್ಧ ನಿಜ ಹೇಳಿದ್ದರು. 2017ರಲ್ಲಿ ಬ್ರಿಟನ್ನಿನ 'ಡೈರೆಕ್ಟ್' ಎಂಬ ಅಧ್ಯಯನದಲ್ಲಿ, ಟೈಪ್ 2 ಶುಗರ್ ಇದ್ದವರು ತೀರಾ ಕಡಿಮೆ ಕ್ಯಾಲೊರಿಯ ಆಹಾರದಲ್ಲಿ ತೂಕ ಇಳಿಸಿದರು. ವರ್ಷ ಕಳೆದಾಗ ಅವರಲ್ಲಿ ಶೇ 46ರಷ್ಟು ಮಂದಿಗೆ ಮಾತ್ರೆ ಇಲ್ಲದೆಯೇ ಸಕ್ಕರೆ ಹತೋಟಿಯಲ್ಲಿತ್ತು. ಗುರುಗಳು ಇದನ್ನು ಹೇಳುತ್ತಾರೆ. ಅವರೆಲ್ಲ ಕಾಯಿಲೆ ಬಂದು ಆರು ವರ್ಷ ದಾಟದವರು, ಇನ್ಸುಲಿನ್ ತೆಗೆದುಕೊಳ್ಳದವರು, ವೈದ್ಯರ ಕಣ್ಣೆದುರೇ ಮಾತ್ರೆ ಬಿಟ್ಟವರು ಎಂಬುದನ್ನು ಹೇಳುವುದಿಲ್ಲ. ಅಲ್ಲಿ ಯಾರೂ ಪುಡಿ ಡಬ್ಬಿ ನಂಬಿ ಸಿಂದಗಿಯಲ್ಲಿ ಒಬ್ಬರೇ ಕೂತಿರಲಿಲ್ಲ.

ಶ್ರಾವಣದಲ್ಲಿ ಚಪ್ಪಲಿ ಕಚ್ಚಿ ಕಾಲಿಗೆ ಗಾಯ ಆಯಿತು. ಮಾಯಲಿಲ್ಲ. ನಾವು ಹೋಗಿ ನೋಡುವಷ್ಟರಲ್ಲಿ ಬೆರಳು ಕಪ್ಪಾಗಿತ್ತು. ಎಡಗಾಲಿನ ಎರಡು ಬೆರಳು ತೆಗೆದರು. ಆಸ್ಪತ್ರೆಯ ಬಿಲ್ ಕಟ್ಟಲು ಅಣ್ಣ ಒಂದು ಎತ್ತಿನ ಜೋಡಿ ಮಾರಿದ. ಆ ಎತ್ತಿನ ಹಲ್ಲನ್ನು ಕೊಳ್ಳುವವರು ಎರಡೆರಡು ಸಲ ಎಣಿಸಿದರು.

ಅಣ್ಣನ ಮಗ, ಅದೇ ಸೆನ್ಸರ್ ಹುಡುಗ, ಗುರುಗಳ ನಂಬರಿಗೆ ಉದ್ದದ ಸಂದೇಶ ಬರೆದ. ಕಾಲಿನ ಫೋಟೊ ಕಳಿಸಿದ. ಎರಡು ನಿಮಿಷಕ್ಕೆ ಉತ್ತರ ಬಂತು. "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು. ಮುಂದಿನ ಪ್ಯಾಕ್ ಮೇಲೆ ನಿಮಗೆ ಶೇ 10 ರಿಯಾಯಿತಿ."

ನಾನು ಆ ಮನುಷ್ಯನಿಗೆ ಬಯ್ಯಲು ಎಷ್ಟೋ ಮಾತು ಜೋಡಿಸಿಕೊಂಡಿದ್ದೆ. ಬಯ್ಯುವುದು ಯಾರಿಗೆ? ಸಂತೆಯಲ್ಲಿ ಕುಂಟ ಎತ್ತು ಮಾರಿದವನು ಮುಂದಿನ ಜಾತ್ರೆಗೆ ಬರಲೇಬೇಕು, ಇಲ್ಲವೇ ಅವನ ಊರಿಗೆ ನಾವು ಹೋಗಬಹುದು. ಇವರ ಊರು ಯಾವುದು? ಫೋನ್ ಎತ್ತುವುದು ಯಂತ್ರ. ವಿಡಿಯೊ ಸದ್ದಿಲ್ಲದೆ ಅಳಿಸಿಹೋಗಿದೆ. ಅದರ ಜಾಗದಲ್ಲಿ "ಪಾದಗಳ ಆರೈಕೆಗೆ 5 ಸೂತ್ರ" ಬಂದಿದೆ. ನಿಜ ಹೇಳುತ್ತೇನೆ, ಬಂದಿದೆ.

ಸಿಟ್ಟು ನನ್ನ ಮೇಲೂ ಇದೆ. ಮಾವನಿಗೆ ಹೆಂಡತಿ ಇಲ್ಲ, ಮಕ್ಕಳು ಪುಣೆಯಲ್ಲಿ. ಡಾಕ್ಟರ್ ಹತ್ತಿರ ಹೋದರೆ ಹೊರಗೆ ಮೂರು ತಾಸು, ಒಳಗೆ ಎರಡು ನಿಮಿಷ. "ಅದನ್ನೇ ಮುಂದುವರಿಸಿ" ಎಂದು ಚೀಟಿ. ಗುರುಗಳು ದಿನಾ ನಲವತ್ತು ನಿಮಿಷ ಅವನ ಜೊತೆ ಮಾತಾಡುತ್ತಿದ್ದರು. ನಾನು ತಿಂಗಳಿಗೊಮ್ಮೆ.

ಹೋದ ವಾರ ಹೋಗಿದ್ದೆ. ಮಾವ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಪಕ್ಕದಲ್ಲಿ ಮೊಬೈಲ್ ಟಣ್ ಎಂದಿತು. ಅದೇ ನಂಬರ್. "ಶುಭೋದಯ ಸರ್, ಇವತ್ತು ನಿಮ್ಮ ಆರೋಗ್ಯ ಹೇಗಿದೆ?"

"ಬ್ಲಾಕ್ ಮಾಡ್ಲೇನ್ ಮಾವಾ?" ಅಂದೆ.

"ಇರ್ಲಿ ಬಿಡೋ" ಅಂದ. "ದಿನಾ ಮುಂಜಾನೆ ಹೆಂಗದೀರಿ ಅಂತ ಕೇಳೋದು ಅದೊಂದ ಐತಿ."